ಉಪಸ್ಥಿತರಿದ್ದರು

ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಯೊಂದರಲ್ಲಿ 31 ವರ್ಷ ಪಾಠ ಮಾಡಿ ನಿವೃತ್ತನಾದವನಿಗೆ ಉಳಿದುಬರುವ ಚಟಗಳಲ್ಲಿ ಹಾಜರಿ ಹಾಕುವುದೂ ಒಂದು. ಮದುವೆಯ ಪಂಕ್ತಿಯಾಗಲಿ, ಶವಯಾತ್ರೆಯಾಗಲಿ, ತಲೆ ಎಣಿಸದೆ ನನಗೆ ಸಮಾಧಾನವಿಲ್ಲ. ಹಳಿ ದುರಸ್ತಿಗೆಂದು ಲೋಕಲ್ ರೈಲುಗಳನ್ನು ತಡೆಯುವ ಮಧ್ಯ ರೈಲ್ವೆಯ ಮೆಗಾ ಬ್ಲಾಕ್ ಇರುವ ಭಾನುವಾರವನ್ನೇ ಹುಡುಕಿ ಇಟ್ಟುಕೊಂಡಿದ್ದ ನಮ್ಮ ಉಪನಗರದ ಕನ್ನಡ ಸಂಘದ ವಾರ್ಷಿಕ ಮಹಾಸಭೆಯಲ್ಲಿಯೂ ಎಣಿಸಿದೆ. ವೇದಿಕೆಯ ಮೇಲೆ 41 ಮಂದಿ, ಕೆಳಗೆ 3. ಆ ಮೂವರಲ್ಲಿ ಒಬ್ಬ ನಾನು. ಇನ್ನೊಬ್ಬರು ಸಂಘದ ಕಚೇರಿಯ ಗುಮಾಸ್ತರು. ಮೂರನೆಯವನು ಕುರ್ಚಿ ಬಾಡಿಗೆಗೆ ಕೊಟ್ಟಿದ್ದ ಡೆಕೊರೇಟರನ ಹುಡುಗ, ಕಳೆದ ವರ್ಷದ ಬಾಕಿ ಕೇಳಲು ಬಂದವನು. ಸದಸ್ಯರ ಪಟ್ಟಿಯಲ್ಲಿ 1,146 ಹೆಸರುಗಳಿವೆ.

ನಮ್ಮ ಬೈಲಾದಲ್ಲಿ ಒಂದು ಅಮೂಲ್ಯವಾದ ಕಲಮು ಇದೆ. ಗೊತ್ತುಪಡಿಸಿದ ಹೊತ್ತಿಗೆ ಕೋರಂ ಇಲ್ಲದಿದ್ದಲ್ಲಿ ಸಭೆಯನ್ನು ಅರ್ಧ ಗಂಟೆ ಮುಂದೂಡತಕ್ಕದ್ದು, ಬಳಿಕ ಅದೇ ಸ್ಥಳದಲ್ಲಿ ಎಷ್ಟು ಜನ ಇದ್ದಾರೋ ಅಷ್ಟನ್ನೇ ಕೋರಂ ಎಂದು ಭಾವಿಸತಕ್ಕದ್ದು. ಕಳೆದ 12 ವರ್ಷಗಳಲ್ಲಿ ಈ ಸಭೆ ಒಮ್ಮೆಯೂ ಮುಂದೂಡದೆ ನಡೆದದ್ದಿಲ್ಲವಾದ್ದರಿಂದ ನೋಟೀಸಿನಲ್ಲಿಯೇ ಈಗ ‘10 ಗಂಟೆಗೆ ಸಭೆ, 10ರಿಂದ 10.30ರವರೆಗೆ ಬಟಾಟೆ ವಡೆ ಮತ್ತು ಚಹಾ, 10.30ಕ್ಕೆ ಮುಂದೂಡಿದ ಸಭೆ’ ಎಂದು ಅಚ್ಚಾಗುತ್ತದೆ. ಇಡೀ ವರ್ಷದಲ್ಲಿ ಸಂಘವು ಸದಸ್ಯರಿಗೆ ಹೇಳಿದ ಹೊತ್ತಿಗೆ ತಲುಪಿಸುವ ಸೇವೆ ಈ ವಡೆಯೊಂದೇ. ಬಿಸಿಯಾಗಿಯೂ ಇರುತ್ತದೆ, ಆ ವಿಷಯದಲ್ಲಿ ದೂರು ಹೇಳಬಾರದು.

ವೇದಿಕೆಯ 41ರ ಲೆಕ್ಕ ಹೀಗೆ: ಕಾರ್ಯಕಾರಿ ಸಮಿತಿ 15, ವಿಶ್ವಸ್ಥರು 5, ಮಾಜಿ ಅಧ್ಯಕ್ಷರು 3, ಮಹಿಳಾ ವಿಭಾಗ 7, ಯುವ ವಿಭಾಗ 4, ಸಲಹೆಗಾರರು 7. ಯುವ ವಿಭಾಗದ ಕಾರ್ಯಾಧ್ಯಕ್ಷರು ಕಳೆದ ಶ್ರಾವಣದಲ್ಲಿ ಎರಡೂ ಮೊಣಕಾಲಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರಿಂದ ಅವರನ್ನು ಇಬ್ಬರು ಹಿಡಿದು ಮೆಟ್ಟಿಲು ಹತ್ತಿಸಬೇಕಾಯಿತು. ಅವರು ಆ ಹುದ್ದೆಗೆ ಬರುವಾಗ ನಿಜವಾಗಿಯೂ ಯುವಕರಾಗಿದ್ದರು, ಅನಂತರ ಹುದ್ದೆ ಖಾಲಿಯಾಗಲಿಲ್ಲ ಅಷ್ಟೆ. ಸಲಹೆಗಾರರಲ್ಲಿ ‘ಮುಖ್ಯ ಸಲಹೆಗಾರ’, ‘ಪ್ರಧಾನ ಸಲಹೆಗಾರ’ ಎಂದು ಎರಡು ಹುದ್ದೆಗಳಿದ್ದು, ಇವರಲ್ಲಿ ಯಾರು ದೊಡ್ಡವರೆಂಬ ಬಗ್ಗೆ ಸಲಹೆ ಕೊಡಲು ಮೂರನೆಯವರನ್ನು ನೇಮಿಸಲಾಗಿದೆ. ಹತ್ತು ವರ್ಷಗಳ ಹಿಂದೆ ಇದೇ ವೇದಿಕೆಯಲ್ಲಿ 9 ಕುರ್ಚಿಗಳಿದ್ದವು. ಆದುದರಿಂದ ಅಧ್ಯಕ್ಷರು ತಮ್ಮ ಭಾಷಣದಲ್ಲಿ ‘ನಮ್ಮ ಸಂಘ ಹತ್ತೇ ವರ್ಷಗಳಲ್ಲಿ ನಾಲ್ಕು ಪಟ್ಟು ಬೆಳೆದಿದೆ’ ಎಂದು ಘೋಷಿಸಿದಾಗ ಅವರು ಸುಳ್ಳು ಹೇಳಲಿಲ್ಲ. ಸ್ವಲ್ಪ ಕಡಿಮೆಯೇ ಹೇಳಿದರು.

ಈ ಊರಿನಲ್ಲಿ ಸಂಘ ಬೆಳೆಸುವುದೆಂದರೆ ಬೇರೆ ಅರ್ಥವಿದ್ದ ಕಾಲವೂ ಒಂದಿತ್ತು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ ಹುಟ್ಟಿತು. ಮೈಸೂರು ಅಸೋಸಿಯೇಶನ್ 1926ರಲ್ಲಿ, ಬಂಟರ ಸಂಘ 1927ರಲ್ಲಿ, ಬಿಲ್ಲವರ ಅಸೋಸಿಯೇಶನ್ 1932ರಲ್ಲಿ, ಕರ್ನಾಟಕ ಸಂಘ 1933ರಲ್ಲಿ ಬಂದವು. ಮಂಗಳೂರಿನಿಂದ ಹಡಗು ಹತ್ತಿ ಬಂದು ಹೋಟೆಲಿನಲ್ಲಿ ಹಗಲಿಡೀ ಕಪ್ಪು-ಬಸಿ ತೊಳೆದು, ಅಂಗಡಿ ಮುಚ್ಚಿದ ಮೇಲೆ ಮೇಜುಗಳ ಮೇಲೆಯೇ ಮಲಗುತ್ತಿದ್ದ ಹುಡುಗರಿಗೆ ಅಂದಿನವರು ರಾತ್ರಿಶಾಲೆ ತೆರೆದರು. ಆ ಶಾಲೆಗಳಲ್ಲಿ ಓದಿ ಮೆಟ್ರಿಕ್ ಮುಗಿಸಿದವರು ಬ್ಯಾಂಕಿಗೆ, ಕಚೇರಿಗೆ, ಕೋರ್ಟಿಗೆ ಸೇರಿಕೊಂಡರು. ಕೆಲವರು ತಾವು ಬಸಿ ತೊಳೆದಂಥ ಹೋಟೆಲುಗಳಿಗೇ ಮಾಲೀಕರಾದರು. ಸಾಲ ಕೇಳಲು ಹೋದ ತಮ್ಮವರನ್ನು ಬೇರೆಯವರು ಬಾಗಿಲಲ್ಲಿ ನಿಲ್ಲಿಸಬಾರದೆಂದು ಬಿಲ್ಲವರ ಅಸೋಸಿಯೇಶನ್ನಿನವರು 1978ರಲ್ಲಿ ಭಾರತ್ ಕೋ-ಆಪರೇಟಿವ್ ಬ್ಯಾಂಕನ್ನೇ ಕಟ್ಟಿದರು. ಸದಸ್ಯನಿಗೆ ಇಂದು ಏನು ಬೇಕು ಎಂಬ ಒಂದು ಪ್ರಶ್ನೆ, ಅದಕ್ಕೊಂದು ಉತ್ತರ, ನಾಯಕತ್ವವೆಂದರೆ ಅಷ್ಟೇ ಎಂದು ಆ ಹಿರಿಯರು ತಿಳಿದಿದ್ದರು. ನಾಯಕತ್ವದ ಶಿಬಿರಕ್ಕೆ ಹೋಗಿರಲಿಲ್ಲವಲ್ಲ, ಪಾಪ.

ನಮ್ಮ ಸಂಘ ಆ ಸಾಲಿನದ್ದಲ್ಲ. ಅದು ಒಡೆದು ಹುಟ್ಟಿದ ಸಂಘ. 1860ರ ಸಂಘಗಳ ನೋಂದಣಿ ಕಾಯಿದೆಯ ಪ್ರಕಾರ ಒಂದು ಸಂಘ ಕಟ್ಟಲು ಏಳು ಜನ ಸಾಕು. ಬ್ರಿಟಿಷರು ಈ ಸಂಖ್ಯೆಯನ್ನು ಯಾವ ಆಲೋಚನೆಯಿಂದ ಇಟ್ಟರೋ ಕಾಣೆ. ಆದರೆ ಚುನಾವಣೆಯಲ್ಲಿ ಸೋತ ಒಂದು ಪ್ಯಾನೆಲ್ಲಿನಲ್ಲಿ ಮುನಿಸಿಕೊಂಡು ಹೊರನಡೆಯುವವರು ಹೆಚ್ಚುಕಡಿಮೆ ಏಳೇ ಇರುತ್ತಾರೆಂಬುದು ನನ್ನ ಅನುಭವ. ಹೀಗೆ ನಮ್ಮ ಉಪನಗರದಲ್ಲಿ ಒಂದಿದ್ದದ್ದು ಎರಡಾಯಿತು, ಎರಡು ನಾಲ್ಕಾಯಿತು. ಈಗ ಸ್ಟೇಶನ್ನಿನ ಪೂರ್ವಕ್ಕೆ ಮೂರು, ಪಶ್ಚಿಮಕ್ಕೆ ಎರಡು ಸಂಘಗಳಿದ್ದು, ಐದಕ್ಕೂ ಉದ್ದೇಶ ‘ಕನ್ನಡಿಗರನ್ನು ಒಗ್ಗೂಡಿಸುವುದು’. ಸದಸ್ಯರು ಮಾತ್ರ ಹೊಸಬರಲ್ಲ. ಅದೇ 1,100 ಚಿಲ್ಲರೆ ಮಂದಿ ಐದೂ ಪಟ್ಟಿಗಳಲ್ಲಿದ್ದಾರೆ. ಜನವರಿಯಲ್ಲಿ ಅರಸಿನ ಕುಂಕುಮಕ್ಕೆ ಐದು ಕಡೆ ಹೋಗಿ ಬರುವ ಹೆಂಗಸರಿಗೆ ಐದು ಸ್ಟೀಲ್ ಬಟ್ಟಲು ಸಿಗುತ್ತವೆಯಾದ್ದರಿಂದ, ಒಡಕಿನಿಂದ ಸದಸ್ಯರಿಗೆ ಪ್ರಯೋಜನವೇ ಇಲ್ಲವೆನ್ನಲು ಆಗದು.

ಮಹಾರಾಷ್ಟ್ರದಲ್ಲಿ ಇಂಥ ಸಂಘ 1950ರ ಸಾರ್ವಜನಿಕ ವಿಶ್ವಸ್ಥ ಸಂಸ್ಥೆಗಳ ಕಾಯಿದೆಯಡಿಯಲ್ಲಿಯೂ ನೋಂದಣಿಯಾಗುತ್ತದೆ. ಪದಾಧಿಕಾರಿಗಳು ಬದಲಾದರೆ 90 ದಿನಗಳೊಳಗೆ ಧರ್ಮಾದಾಯ ಆಯುಕ್ತರ ಕಚೇರಿಗೆ ಚೇಂಜ್ ರಿಪೋರ್ಟ್ ಸಲ್ಲಿಸಬೇಕು. ಅದು ಮಂಜೂರಾದ ಮೇಲೆಯೇ ಆ ಕಚೇರಿಯ ದಾಖಲೆಯಾದ ‘ಶೆಡ್ಯೂಲ್ 1’ರಲ್ಲಿ ಹೊಸ ಹೆಸರುಗಳು ಏರುವುದು. ನಮ್ಮವರಿಗೆ ಚುನಾವಣೆ ಗೆದ್ದ ಮೊದಲ 90 ದಿನಗಳು ಅಭಿನಂದನಾ ಸಮಾರಂಭಗಳಿಗೇ ಸಾಲುವುದಿಲ್ಲ. ಸಲ್ಲಿಸಿದರೂ ಸೋತವರು ಆಕ್ಷೇಪಣೆ ಹಾಕುತ್ತಾರೆ, ಗೆದ್ದವರು ವಕೀಲರನ್ನು ಇಡುತ್ತಾರೆ, ಅಷ್ಟರಲ್ಲಿ ಮುಂದಿನ ಚುನಾವಣೆ ಬರುತ್ತದೆ. ಫಲವಾಗಿ ದಾಖಲೆಯಲ್ಲಿ ನಮ್ಮ ಅಧ್ಯಕ್ಷರು ಇಂದಿಗೂ ನಾಲ್ಕು ಅವಧಿ ಹಿಂದಿನವರು; ಅವರು ತೀರಿಕೊಂಡು ಆರು ವರ್ಷಗಳಾದವು. ಅವರ ಕಾಲದಲ್ಲಿ ಸಂಘದಲ್ಲಿ ಜಗಳವಿರಲಿಲ್ಲವೆಂದು ಎಲ್ಲರೂ ಹೇಳುತ್ತಾರೆ. ಈಗಲೂ ಅವರು ಯಾರೊಡನೆಯೂ ಜಗಳಕ್ಕೆ ಬಂದದ್ದಿಲ್ಲ.

ಕಳೆದ ವರ್ಷ ಕಾರ್ಯಕಾರಿ ಸಮಿತಿಗೆ ನಾಯಕತ್ವದ ಕೊರತೆ ಕಾಡಿ, ಲೋನಾವಳದ ರೆಸಾರ್ಟೊಂದರಲ್ಲಿ ಎರಡು ದಿನಗಳ ಶಿಬಿರ ನಡೆಯಿತು. ಖರ್ಚನ್ನು ‘ಸದಸ್ಯರ ಕಲ್ಯಾಣ ನಿಧಿ’ಯಿಂದ ತೆಗೆಯಲಾಯಿತು, ಹೋದವರೆಲ್ಲರೂ ಸದಸ್ಯರೇ ಆಗಿದ್ದರಿಂದ ಲೆಕ್ಕಪರಿಶೋಧಕರಿಗೂ ಏನೂ ಹೇಳಲು ಉಳಿಯಲಿಲ್ಲ. ತರಬೇತುದಾರರು ಬಿಳಿ ಹಲಗೆಯ ಮೇಲೆ ಒಂದು ಗೋಪುರ ಬರೆದು, ಅದನ್ನು ಬುಡಮೇಲು ಮಾಡಿ, ಹೀಗೆ ತಿರುಗಿಸಿದಾಗ ಅಗಲವಾದ ಭಾಗ ಮೇಲೆ ಬರುತ್ತದೆ, ಅಲ್ಲಿ ಸದಸ್ಯರು, ಕೆಳಗಿನ ಚೂಪು ತುದಿಯಲ್ಲಿ ಎಲ್ಲರನ್ನೂ ಹೊತ್ತು ನಿಂತವನೇ ನಾಯಕ ಎಂದು ವಿವರಿಸಿದರಂತೆ. ಇದು ಸಮಿತಿಯ ಮನಸ್ಸನ್ನು ಎಷ್ಟು ತಟ್ಟಿತೆಂದರೆ, ಮರಳಿದ ವಾರದಲ್ಲಿಯೇ ಆ ಬುಡಮೇಲು ಗೋಪುರದ ಫ್ಲೆಕ್ಸ್ ಸ್ಟೇಶನ್ನಿನ ಹೊರಗೆ ಎದ್ದು ನಿಂತಿತು. ಆದರೆ ಫ್ಲೆಕ್ಸ್ ಮಾಡುವ ಹುಡುಗನಿಗೆ ಒಂದು ತೊಡಕು ಎದುರಾಯಿತು: 41 ಭಾವಚಿತ್ರಗಳು ಚೂಪು ತುದಿಯಲ್ಲಿ ಹಿಡಿಸುವುದಿಲ್ಲ. ಅವನು ವ್ಯವಹಾರ ಬಲ್ಲವನು. ಭಾವಚಿತ್ರಗಳನ್ನೆಲ್ಲ ಮೇಲಿನ ಅಗಲದಲ್ಲಿ ಸಾಲುಸಾಲಾಗಿ ಕೂರಿಸಿ, ಕೆಳಗಿನ ತುದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ‘ಸದಸ್ಯರು’ ಎಂದು ಬರೆದ. ಇಡೀ ಸಮಿತಿಯ ಭಾರ ಆ ಒಂದು ಪದದ ಮೇಲೆ ನಿಂತಿರುವ ಆ ಚಿತ್ರಕ್ಕಿಂತ ನಿಖರವಾದ ವಾರ್ಷಿಕ ವರದಿಯನ್ನು ನಾನು ಕಂಡಿಲ್ಲ.

ಪ್ರತಿಭಾ ಪುರಸ್ಕಾರದ ಆಮಂತ್ರಣ ಪತ್ರಿಕೆಯನ್ನು ನಾನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ನಾಲ್ಕು ಮಡಿಕೆಯ ದಪ್ಪ ಹೊಳಪು ಕಾಗದ. ಉದ್ಘಾಟನೆ, ಅಧ್ಯಕ್ಷತೆ, ಗೌರವ ಉಪಸ್ಥಿತಿ, ಘನ ಉಪಸ್ಥಿತಿ, ವಿಶೇಷ ಆಹ್ವಾನಿತರು, ಶುಭಾಶಂಸನೆ ಎಂಬ ತಲೆಬರಹಗಳ ಕೆಳಗೆ ಒಟ್ಟು 67 ಹೆಸರುಗಳಿದ್ದವು. ಕಾರ್ಯಕ್ರಮದ ಹೊತ್ತು ಎಷ್ಟೆಂದು ಮಾತ್ರ ಎಲ್ಲಿಯೂ ಇರಲಿಲ್ಲ. ಕೊನೆಯ ಗಳಿಗೆಯಲ್ಲಿ ಒಬ್ಬ ಉಪಾಧ್ಯಕ್ಷರ ಹೆಸರು ಬಿಟ್ಟುಹೋದದ್ದು ತಿಳಿದು, ಅದನ್ನು ಸೇರಿಸಲು ಜಾಗ ಸಾಲದೆ, ಹೊತ್ತನ್ನು ತೆಗೆದಿದ್ದರು. ಗುಮಾಸ್ತರು ಎಲ್ಲ ಪತ್ರಿಕೆಗಳ ಮೇಲೂ ಬಾಲ್‌ಪೆನ್ನಿನಲ್ಲಿ ‘ಸಂಜೆ 4ಕ್ಕೆ’ ಎಂದು ಬರೆದರು. ಅಂದು 20 ಮಕ್ಕಳಿಗೆ ತಲಾ 1,000 ರೂಪಾಯಿ ವಿದ್ಯಾರ್ಥಿವೇತನ. ಹತ್ತನೆಯ ತರಗತಿಯ ಒಬ್ಬ ಹುಡುಗಿ ಲಕೋಟೆಗೆ ಕೈ ಚಾಚಿದಾಗ, ಆ ಲಕೋಟೆಯ ಅಂಚನ್ನು ಒಂಬತ್ತು ಮಂದಿ ಹಿಡಿದಿದ್ದರು. ಫೋಟೋದವನು ‘ಇನ್ನೊಮ್ಮೆ’ ಎಂದಾಗ ಅವಳು ಕೊಟ್ಟು ಮತ್ತೆ ಪಡೆದುಕೊಂಡಳು. ಬಳಿಕ ಗಣ್ಯರಿಗೆ ಶಾಲು, ಪೇಟ, ಫಲಪುಷ್ಪ, ಸ್ಮರಣಿಕೆ. ಶಾಲುಗಳ ಬಿಲ್ಲನ್ನು ಆಮೇಲೆ ನೋಡಿದೆ: 23,400 ರೂಪಾಯಿ. ಮಕ್ಕಳು ಆ ದಿನ ಒಂದು ಶಾಲಿನಷ್ಟೂ ಸಂಘಕ್ಕೆ ಭಾರವಾಗಲಿಲ್ಲವೆಂದರೆ ತಪ್ಪಾದೀತು. ಆದರೆ ಎಲ್ಲ ಶಾಲುಗಳಷ್ಟು ಭಾರವಾಗಲಿಲ್ಲ.

ಪತ್ರಿಕೆಗೆ ಕಳುಹಿಸುವ ವರದಿಯನ್ನು ಗುಮಾಸ್ತರು ಕಾರ್ಯಕ್ರಮಕ್ಕೆ ಎರಡು ದಿನ ಮೊದಲೇ ಬರೆದಿಡುತ್ತಾರೆ, ಏಕೆಂದರೆ ‘ವೇದಿಕೆಯಲ್ಲಿ’ ಎಂದು ಆರಂಭವಾಗಿ ‘ಉಪಸ್ಥಿತರಿದ್ದರು’ ಎಂದು ಮುಗಿಯುವ ವಾಕ್ಯವೇ ಒಂದೂವರೆ ಪುಟ ಹಿಡಿಯುತ್ತದೆ. ಒಮ್ಮೆ ನಮ್ಮ ಸಲಹೆಗಾರರೊಬ್ಬರು ಶನಿವಾರ ರಾತ್ರಿ ತೀರಿಕೊಂಡರು. ಭಾನುವಾರದ ಸಭೆ ಎರಡು ನಿಮಿಷ ಮೌನ ಆಚರಿಸಿ ಮುಂದುವರಿಯಿತು. ಮಂಗಳವಾರದ ವರದಿಯಲ್ಲಿ ಅವರು ಉಪಸ್ಥಿತರಿದ್ದರು. ಮನೆಯವರು ಆ ತುಣುಕನ್ನು ಕತ್ತರಿಸಿ ಇಟ್ಟುಕೊಂಡಿದ್ದಾರೆ.

ಈ ಗುಮಾಸ್ತರ ಬಗ್ಗೆ ನಾಲ್ಕು ಮಾತು ಬರೆಯಲೇಬೇಕು. ಸಂಜೆ 5ರಿಂದ 8ರವರೆಗೆ ಸಂಘದ ಹತ್ತಡಿ ಕೋಣೆಯಲ್ಲಿ ಅವರು ಒಬ್ಬರೇ ಕುಳಿತಿರುತ್ತಾರೆ. ದಾನಿಗಳ ಪ್ಯಾನ್ ಸಂಖ್ಯೆ ಹುಡುಕಿ ಆದಾಯ ತೆರಿಗೆ ಇಲಾಖೆಗೆ ಸಲ್ಲಿಸುವ ದಾನಗಳ ನಮೂನೆ ತುಂಬುವವರು ಅವರೇ. 2,000 ರೂಪಾಯಿಗಿಂತ ಹೆಚ್ಚನ್ನು ನಗದಾಗಿ ಕೊಟ್ಟರೆ ದಾನಕ್ಕಿರುವ ತೆರಿಗೆ ರಿಯಾಯಿತಿ ಸಿಗದೆಂದು ದಾನಿಗಳಿಗೆ ಮೆಲ್ಲನೆ ಹೇಳುವವರೂ ಅವರೇ. 2021ರಲ್ಲಿ ಹಳೆಯ ಸಂಸ್ಥೆಗಳೆಲ್ಲ ಆದಾಯ ತೆರಿಗೆಯ ನೋಂದಣಿಯನ್ನು ಹೊಸದಾಗಿ ಮಾಡಿಸಿಕೊಳ್ಳಬೇಕಾಗಿ ಬಂದಾಗ, ‘ನೋಂದಣಿಯಾಗಿ 30 ವರ್ಷವಾಯಿತಲ್ಲ, ಮತ್ತೇಕೆ?’ ಎಂದು ಕೇಳಿದ್ದ ಅಂದಿನ ಅಧ್ಯಕ್ಷರಿಂದ ಸಹಿ ಮಾತ್ರ ಪಡೆದು ಉಳಿದದ್ದನ್ನು ತಾವೇ ಮುಗಿಸಿದರು. ಸತ್ತ ಸದಸ್ಯರ ಹೆಸರಿನ ಪಕ್ಕದಲ್ಲಿ ಅವರು ಪೆನ್ಸಿಲಿನಿಂದ ಸಣ್ಣದೊಂದು ಚುಕ್ಕೆ ಇಡುತ್ತಾರೆ. ಅಳಿಸಿದರೆ ಸದಸ್ಯರ ಸಂಖ್ಯೆ ಇಳಿಯುತ್ತದೆಂದು ಸಮಿತಿ ಒಪ್ಪುವುದಿಲ್ಲ. ಆಸ್ಪತ್ರೆಯಲ್ಲಿ ರಕ್ತ ಬೇಕೆಂದು ಬರುವ ಕರೆ, ಭವಿಷ್ಯ ನಿಧಿಯ ಅರ್ಜಿ ತುಂಬಲು ಗೊತ್ತಿಲ್ಲದೆ ಬರುವ ಹೋಟೆಲ್ ಕಾರ್ಮಿಕರ ಹೆಂಡಂದಿರು, ಊರಿಗೆ ಶವ ಒಯ್ಯಲು ಆಂಬುಲೆನ್ಸ್ ಕೇಳುವವರು, ಎಲ್ಲರೂ ಕೊನೆಗೆ ಬಂದು ನಿಲ್ಲುವುದು ಆ ಕೋಣೆಯ ಬಾಗಿಲಲ್ಲಿ. ಅವರನ್ನು ವೇದಿಕೆಗೆ ಕರೆಯುವುದು ಮೈಕು ಕೆಟ್ಟಾಗ.

ಮಹಾಸಭೆಗೆ ಮರಳುತ್ತೇನೆ. ‘ಸದಸ್ಯರ ಪ್ರಶ್ನೆಗಳು’ ಎಂಬ ವಿಷಯ ಬಂದಾಗ ಗೌರವ ಪ್ರಧಾನ ಕಾರ್ಯದರ್ಶಿಯವರು ಸಭೆಯತ್ತ, ಎಂದರೆ ನನ್ನತ್ತ, ನೋಡಿದರು. ನಾನು ಎದ್ದು, ಈ ವರ್ಷ ಸಂಘ ಸದಸ್ಯರಿಗಾಗಿ ಏನು ಮಾಡಿತು, ಅವರು ಏಕೆ ಬರುವುದಿಲ್ಲ ಎಂದು ಕೇಳಿದೆ. ವೇದಿಕೆಯಲ್ಲಿ ಗುಸುಗುಸು ಎದ್ದಿತು. ಮುಖ್ಯ ಸಲಹೆಗಾರರು ಪ್ರಧಾನ ಸಲಹೆಗಾರರ ಕಿವಿಯಲ್ಲಿ ಏನೋ ಹೇಳಿದರು. ಅದು ಬಾಯಿಂದ ಬಾಯಿಗೆ ಸಾಗಿ ಅಧ್ಯಕ್ಷರನ್ನು ತಲುಪಲು ಐದು ನಿಮಿಷ ಹಿಡಿಯಿತು. ‘ಮಾಸ್ಟ್ರು ಬಹಳ ಮಹತ್ವದ ಪ್ರಶ್ನೆ ಕೇಳಿದ್ದಾರೆ. ಸದಸ್ಯರ ಬಗ್ಗೆ ಇಷ್ಟು ಕಾಳಜಿ ಇರುವವರು ಕೆಳಗೆ ಕೂರಬಾರದು. ಸದಸ್ಯ ಸಂಪರ್ಕ ಉಪಾಧ್ಯಕ್ಷ ಎಂಬ ಹೊಸ ಹುದ್ದೆಯನ್ನು ಸೃಷ್ಟಿಸಿ ಅವರನ್ನೇ ನೇಮಿಸೋಣ’ ಎಂದು ಅವರು ಹೇಳುವಷ್ಟರಲ್ಲಿ, ಡೆಕೊರೇಟರನ ಹುಡುಗ ನನ್ನ ಕುರ್ಚಿಯನ್ನೆತ್ತಿ ಮೇಲೆ ಇಟ್ಟಾಗಿತ್ತು. ಪ್ರತಿಭಟಿಸಬೇಕೆಂದಿದ್ದೆ, ಆದರೆ ಹೆಗಲ ಮೇಲೆ ಶಾಲು ಬಿದ್ದ ಮೇಲೆ ಮನುಷ್ಯನ ಬೆನ್ನು ತಾನಾಗಿ ನೆಟ್ಟಗಾಗುತ್ತದೆಂಬುದು ನನಗೂ ಅಂದೇ ತಿಳಿದದ್ದು. ಎರಡು ಮಾತು ಹೇಳಿ ಎಂದರು. ನಾನು 25 ನಿಮಿಷ ಮಾತನಾಡಿದೆ.

ಮರುದಿನ ಸಂಜೆ ಕಚೇರಿಗೆ ಹೋಗಿ ನಡಾವಳಿ ಪುಸ್ತಕ ನೋಡಿದೆ. ‘ಸದಸ್ಯರಿಂದ ಯಾವ ಪ್ರಶ್ನೆಯೂ ಬರಲಿಲ್ಲ’ ಎಂದಿತ್ತು. ಅದೆಲ್ಲಿ ಮಾರಾಯ್ರೆ, ನಾನು ಕೇಳಿದೆನಲ್ಲ ಎಂದೆ. ಗುಮಾಸ್ತರು ಕನ್ನಡಕ ಸರಿಪಡಿಸಿಕೊಂಡು, ‘ಮಾಸ್ಟ್ರೇ, ನೀವೀಗ ಪದಾಧಿಕಾರಿ. ಪದಾಧಿಕಾರಿಗಳು ಪ್ರಶ್ನೆ ಕೇಳಿದರು ಎಂದು ಬರೆಯುವ ಕ್ರಮವಿಲ್ಲ. ಮುಂದಿನ ಸಾಲು ನೋಡಿ’ ಎಂದರು. ಮುಂದಿನ ಸಾಲಿನಲ್ಲಿ ನನ್ನ ಹೆಸರಿತ್ತು. ನಾನು ಸಭೆಗೆ ಸೂಕ್ತ ಮಾರ್ಗದರ್ಶನ ನೀಡಿದ್ದೆ.