ಮೊದಲನೇ ಎಪಿಸೋಡಲ್ಲೇ ಗುಂಡು ತಿಂದ ಹೀರೋ

ಹೀರೋ ಎಂಟ್ರಿ ಅಂದ್ರೆ ನಮ್ಮಲ್ಲಿ ಒಂದು ಲೆಕ್ಕ ಇದೆ. ಮೊದಲು ಶೂ ತೋರಿಸ್ಬೇಕು, ಆಮೇಲೆ ಬೆನ್ನು, ಹತ್ತಿಪ್ಪತ್ತು ಜನ ಗಾಳೀಲಿ ಹಾರ್ಬೇಕು, ಕೊನೇಗೆ ಮುಖ. ಅವನು ಪೆಟ್ಟು ತಿನ್ನೋದಿದ್ರೂ ಇಂಟರ್ವಲ್ ಆದ್ಮೇಲೆ, ಅದೂ ಹಿಂದಿನಿಂದ ಯಾವನೋ ಮೋಸದಲ್ಲಿ ಹೊಡೆದಿದ್ರೆ ಮಾತ್ರ. ಇದರ ಬಗ್ಗೆ ನಂಗೆ ದೂರೇನಿಲ್ಲ, ಈಗ್ಲೂ ಫಸ್ಟ್ ಡೇ ಹೋಗಿ ಶಿಳ್ಳೆ ಹೊಡಿಯೋ ಜಾತಿ ನಂದು. ಆದ್ರೆ 1955ರ ಸೆಪ್ಟೆಂಬರ್ 10, ಶನಿವಾರ ರಾತ್ರಿ, ಅಮೆರಿಕದ ಸಿಬಿಎಸ್ ಚಾನೆಲ್ಲಲ್ಲಿ ‘ಗನ್‌ಸ್ಮೋಕ್’ ಅಂತ ಒಂದು ಸೀರಿಯಲ್ ಶುರುವಾಯ್ತಲ್ಲ, ಅದರ ಮೊಟ್ಟಮೊದಲ ಎಪಿಸೋಡಲ್ಲಿ ಹೀರೋ ಎದುರಾಎದುರು ನಿಂತು, ಯಾರ ಮೋಸಾನೂ ಇಲ್ದೆ, ವಿಲನ್‌ಗಿಂತ ಸ್ವಲ್ಪ ನಿಧಾನ ಅನ್ನೋ ಒಂದೇ ಕಾರಣಕ್ಕೆ ಗುಂಡು ತಿಂದು ನೆಲಕ್ಕೆ ಬೀಳ್ತಾನೆ. ಹೀರೋ ಹೆಸರು ಮ್ಯಾಟ್, ಎಪಿಸೋಡಿನ ಹೆಸರೇ ‘ಮ್ಯಾಟ್ ಗೆಟ್ಸ್ ಇಟ್’, ಅಂದ್ರೆ ಮ್ಯಾಟ್‌ಗೆ ಬಿತ್ತು ಅಂತ. ಮುಚ್ಚಿಟ್ಕೊಳ್ಳೋ ಮಾತೇ ಇಲ್ಲ.

ಅಪ್‌ಲೋಡ್ ಆಗಿರೋ ಹಳೇ ಬ್ಲ್ಯಾಕ್ ಅಂಡ್ ವೈಟ್ ವೆಸ್ಟರ್ನ್‌ಗಳನ್ನ, ಅಂದ್ರೆ ಕೌಬಾಯ್ ಕಥೆಗಳನ್ನ, ರಾತ್ರಿ ಊಟ ಆದ್ಮೇಲೆ ಒಂದೊಂದೇ ನೋಡೋ ಚಟ ಇದೆ ನಂಗೆ, ಮನೇಲಿ ಬೈಸ್ಕೊಂಡೂ ಆಗಿದೆ. ಸುಮಾರು ನೋಡಿದೀನಿ, ಬಹುಪಾಲು ಮರ್ತೂ ಹೋಗಿದೀನಿ. ಇದೊಂದು ಮಾತ್ರ ತಲೇಲಿ ಕೂತ್ಬಿಟ್ಟಿದೆ, ಯಾಕೆ ಅಂತ ಬರೀತೀನಿ, ಸ್ವಲ್ಪ ಉದ್ದ ಆಗುತ್ತೆ, ಚಾ ತಗೊಂಡು ಕೂತ್ಕೊಳ್ಳಿ.

ಶುರುವಾಗೋದೇ ಜಾನ್ ವೇನ್ ಅವರಿಂದ. ಹೌದು ಅದೇ ಜಾನ್ ವೇನ್, ಆ ಕಾಲದಲ್ಲಿ ವೆಸ್ಟರ್ನ್ ಸಿನಿಮಾ ಅಂದ್ರೇನೇ ಅವರು ಅನ್ನೋ ಹಾಗಿದ್ರಲ್ಲ. ಅವರು ಕೌಬಾಯ್ ಡ್ರೆಸ್ಸಲ್ಲೇ ಬಂದು ಕ್ಯಾಮೆರಾ ಮುಂದೆ ನಿಂತು, ನೋಡಿ ಇಂಥದ್ದೊಂದು ಹೊಸ ಪ್ರೋಗ್ರಾಂ, ಇದು ಪ್ರಾಮಾಣಿಕವಾಗಿದೆ, ದೊಡ್ಡೋರು ನೋಡೋ ಹಾಗಿದೆ, ಇದರಲ್ಲಿ ಜೇಮ್ಸ್ ಆರ್ನೆಸ್ ಅಂತ ಹೊಸ ಹುಡುಗ ಇದಾನೆ, ಅವನಿಗೆ ಅಭ್ಯಾಸ ಮಾಡ್ಕೊಳ್ಳಿ ಅನ್ನೋ ಧಾಟೀಲಿ ಪರಿಚಯ ಮಾಡಿ ಹೋಗ್ತಾರೆ. ವೇನ್‌ಗೇ ಆ ಪಾರ್ಟು ಮೊದಲು ಆಫರ್ ಆಗಿತ್ತು ಅಂತ ಒಂದು ಕಥೆ ಇವತ್ತಿಗೂ ಓಡಾಡ್ತಾ ಇದೆ, ನಾನಂತೂ ನಂಬಲ್ಲ, ಅಷ್ಟು ದೊಡ್ಡ ಸ್ಟಾರ್ ಆಗ ವಾರವಾರ ಟೀವಿಗೆ ಬರ್ತಾ ಇದ್ರಾ. ಈಗ ಸೂಕ್ಷ್ಮ ನೋಡಿ: ಇಂಡಸ್ಟ್ರೀಲೇ ದೊಡ್ಡ ಹೆಸರು ಬಂದು ಹೊಸಬನ ಬೆನ್ನು ತಟ್ಟಿ ಹೋದ್ರು, ಜನ ಎಲ್ಲಾ ಕಣ್ಣರಳಿಸಿ ಕೂತಿದಾರೆ, ಆಮೇಲೆ ಅರ್ಧ ಗಂಟೆಯೊಳಗೇ ಆ ಹೊಸಬನನ್ನ ಮಲಗಿಸ್ಬಿಟ್ರು. ಇವತ್ತಿನ ಯಾವ ಪ್ರೊಡ್ಯೂಸರ್‌ಗಾದ್ರೂ ಈ ಸ್ಕ್ರಿಪ್ಟ್ ತಗೊಂಡ್ಹೋಗಿ ನೋಡೋಣ.

ಕಥೆ ಇಷ್ಟೇ. ಕ್ಯಾನ್ಸಸ್‌ನ ಡಾಜ್ ಸಿಟಿ, 1870ರ ದಶಕ. ಮ್ಯಾಟ್ ಡಿಲನ್ ಅಲ್ಲಿ ಮಾರ್ಷಲ್, ಅಂದ್ರೆ ಊರಲ್ಲಿ ಕಾನೂನು ಕಾಯೋ ಅಧಿಕಾರಿ. ಡ್ಯಾನ್ ಗ್ರಾಟ್ ಅಂತ ಒಬ್ಬ ಊರಿಗೆ ಬಂದು ಸೇರ್ಕೊಂಡಿದಾನೆ, ಪಾಲ್ ರಿಚರ್ಡ್ಸ್ ಮಾಡಿರೋದು, ಕಿರುಚಾಟ ಇಲ್ಲ ಏನಿಲ್ಲ, ತಣ್ಣಗೆ ಇರ್ತಾನೆ ಆ ಪುಣ್ಯಾತ್ಮ, ಅದಕ್ಕೇ ಹೆದರಿಕೆ ಆಗೋದು. ಟೆಕ್ಸಾಸ್‌ನಿಂದ ಒಬ್ಬ ಶೆರಿಫ್ ಇವನನ್ನ ಹಿಡಿಯೋಕೆ ಅಂತ ಬರ್ತಾನೆ, ಸಾಯ್ತಾನೆ. ಆಮೇಲೆ ಅರೆಸ್ಟ್ ಮಾಡೋಕೆ ಹೋದ ಮ್ಯಾಟ್‌ಗೂ ಬೀಳುತ್ತೆ. ಗ್ರಾಟ್‌ನ ಕೈ ಎಷ್ಟು ಫಾಸ್ಟ್ ಅಂದ್ರೆ ಎದುರಿಗಿರೋನ ಗನ್ ಮೇಲಕ್ಕೆ ಬರೋಷ್ಟರಲ್ಲಿ ಇವನದು ಮುಗ್ದಿರುತ್ತೆ. ಮ್ಯಾಟ್ ಸಾಯಲ್ಲ, ಊರಿನ ಡಾಕ್ಟರ್ ಡಾಕ್ ಆಡಮ್ಸ್ ಹೆಂಗೋ ಉಳಿಸ್ಕೊಳ್ತಾನೆ, ಮಾರ್ಷಲ್ ಹಾಸಿಗೇಲಿ, ಗ್ರಾಟ್ ಮಾತ್ರ ಊರೇ ನಂದು ಅನ್ನೋ ಹಂಗೆ ಓಡಾಡ್ಕೊಂಡಿರ್ತಾನೆ.

ಇಲ್ಲಿಂದ ಮುಂದಕ್ಕೆ ನಮ್ಗೆಲ್ಲ ಗೊತ್ತಿರೋ ದಾರಿ ಒಂದಿದೆ. ಹೀರೋ ಎದ್ದು ರಾತ್ರಿಹಗಲು ಪ್ರಾಕ್ಟೀಸ್ ಮಾಡಿ, ಬೆವರು ಸುರಿಸಿ, ಒಂದು ಹಾಡೂ ಆಗಿ, ಕೊನೇಗೆ ವಿಲನ್‌ಗಿಂತ ಫಾಸ್ಟ್ ಆಗ್ತಾನೆ. ಇಲ್ಲಿ ಆ ದಾರೀನೇ ಹಿಡಿಯಲ್ಲ. ಮ್ಯಾಟ್ ಯೋಚ್ನೆ ಮಾಡ್ತಾನೆ, ಅಷ್ಟೇ. ಇವನ ಮುಂದೆ ನಾನು ಯಾವತ್ತಿದ್ರೂ ನಿಧಾನಾನೇ ಅನ್ನೋದನ್ನ ಒಪ್ಕೊಂಡ್ಬಿಡ್ತಾನೆ. ಆದ್ರೆ ಇಷ್ಟು ಫಾಸ್ಟ್ ಇರೋನು ಪ್ರತೀಸಲ ಯಾಕೆ ಅಷ್ಟು ಹತ್ರ ಬಂದು ನಿಲ್ತಾನೆ? ಉತ್ತರ ಆ ಪ್ರಶ್ನೇಲೇ ಇದೆ. ಗ್ರಾಟ್‌ಗೆ ಸ್ಪೀಡ್ ಇದೆ, ಗುರಿ ಇಲ್ಲ. ಹತ್ರ ಬಂದ್ರೆ ಮಾತ್ರ ಅವನು ಹುಲಿ. ಎರಡನೇ ಸಲ ಎದುರು ನಿಂತಾಗ ಮ್ಯಾಟ್ ಅವನನ್ನ ಹತ್ರ ಬಿಟ್ಕೊಳ್ಳಲ್ಲ, ದೂರದಲ್ಲೇ ನಿಲ್ಲಿಸ್ತಾನೆ. ಆಟ ಮುಗೀತು.

ನೋಡಿದ ದಿನಾನೇ ಪೇಪರ್ ಪೆನ್ನು ತಗೊಂಡು ಲೆಕ್ಕ ಹಾಕ್ದೆ ನಾನು (ಇಂಜಿನಿಯರಿಂಗ್ ಓದಿದ್ದು ಇಂಥದ್ದಕ್ಕೆ ಮಾತ್ರ ಉಪಯೋಗಕ್ಕೆ ಬರ್ತಾ ಇರೋದು). ಗನ್ ಸೊಂಟದಿಂದ ಎಳೆದು ಗುರಿ ನೋಡ್ದೆ ಹೊಡೆದಾಗ ನಳಿಗೆ ಬರೀ 2 ಡಿಗ್ರಿ ಆಚೀಚೆ ಆಯ್ತು ಅಂದ್ಕೊಳ್ಳಿ, ಅದೇನು ದೊಡ್ಡ ತಪ್ಪಲ್ಲ, ಕಣ್ಣಿಗೂ ಕಾಣ್ಸಲ್ಲ. 3 ಮೀಟರ್ ದೂರದಲ್ಲಿ ಗುಂಡು ಹತ್ತು ಸೆಂಟಿಮೀಟರ್ ಪಕ್ಕಕ್ಕೆ ಹೋಗುತ್ತೆ, ಎದೆ ನಡುವಿಗೆ ಬೀಳೋದು ಸ್ವಲ್ಪ ಪಕ್ಕಕ್ಕೆ ಬೀಳುತ್ತೆ, ಮನುಷ್ಯ ಬಿದ್ದೇ ಬೀಳ್ತಾನೆ. ಅದೇ 15 ಮೀಟರ್‌ಗೆ 50 ಸೆಂಟಿಮೀಟರ್ ದಾಟುತ್ತೆ, ಅಂದ್ರೆ ಮೈಗೆ ಸೋಕೋದೇ ಇಲ್ಲ, ಹಿಂದೆ ಕಟ್ಟಿರೋ ಕುದುರೆಗೆ ಹುಷಾರು ಅನ್ಬೇಕು ಅಷ್ಟೇ. ಕೈ ಅದೇ, ಸ್ಪೀಡ್ ಅದೇ, ತಪ್ಪೂ ಅದೇ ಎರಡು ಡಿಗ್ರಿ. ಬದಲಾಗಿದ್ದು ನಡುವಿನ ಜಾಗ ಮಾತ್ರ. ಜಿ.ಆರ್. ವಿಶ್ವನಾಥ್ ಲೇಟ್ ಕಟ್ ನೋಡಿದೋರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ, ಬೌಲರ್ ಎಷ್ಟು ಫಾಸ್ಟ್ ಇದ್ರೂ ಇವರದೇ ಬೇರೆ ಟೈಮು.

ನಂಗೆ ಇನ್ನೂ ಮಜಾ ಅನ್ಸಿದ್ದು ಟೈಟಲ್ ಸೀನು. ಪ್ರತಿ ಎಪಿಸೋಡಿನ ಶುರುವಲ್ಲೂ ಬರ್ತಿತ್ತಲ್ಲ, ಖಾಲಿ ಬೀದಿ, ಆ ತುದೀಲಿ ಒಬ್ಬ, ಈ ತುದೀಲಿ ಮ್ಯಾಟ್, ಇಬ್ರೂ ಗನ್ ಎಳೀತಾರೆ, ಆ ತುದೀಲಿರೋನು ಬೀಳ್ತಾನೆ. ಎಲ್ರೂ ಮ್ಯಾಟ್ ಫಾಸ್ಟು ಅಂದ್ಕೊಂಡೇ ನೋಡೋದು. ಸ್ವಲ್ಪ ನಿಲ್ಲಿಸಿ ನಿಲ್ಲಿಸಿ ನೋಡಿ, ಮೊದಲು ಹಾರಿಸೋದು ಎದುರಿಗಿರೋನು. ಅವನ ಗುಂಡು ತಪ್ಪುತ್ತೆ. ಒಂದು ಕ್ಷಣ ತಡ ಮಾಡಿ ಗುರಿ ನೋಡಿ ಹೊಡೆದ ಮ್ಯಾಟ್ ಉಳೀತಾನೆ. ಮೊದಲನೇ ಎಪಿಸೋಡಿನ ಪೂರ್ತಿ ಕಥೇನ ಕೆಲವೇ ಸೆಕೆಂಡಲ್ಲಿ ವರ್ಷಗಟ್ಟಲೆ ಜನರ ಕಣ್ಮುಂದೇನೇ ಹಾಕಿದಾರೆ, ಮಾತೂ ಇಲ್ಲ ಕತೇನೂ ಇಲ್ಲ. ಅಲ್ಲಿ ಬೀಳೋ ನಟ ಯಾರು ಗೊತ್ತಾ, ಆರ್ವೋ ಒಯಾಲಾ, ಹಾಲಿವುಡ್ ನಟರಿಗೆಲ್ಲಾ ಗನ್ ಬೇಗ ಎಳಿಯೋದು ಹೆಂಗೆ ಅಂತ ಕಲಿಸ್ತಿದ್ದ ಮೇಷ್ಟ್ರು, ಅದಕ್ಕೆ ಬೇಕಾದ ಹೋಲ್ಸ್ಟರ್ (ಸೊಂಟಕ್ಕೆ ಕಟ್ಟೋ ಗನ್ ಚೀಲ) ಕೂಡ ಅವರೇ ತಯಾರು ಮಾಡ್ತಿದ್ದಿದ್ದು. ಸ್ಪೀಡ್ ಕಲಿಸೋ ಮೇಷ್ಟ್ರೇ ಪ್ರತಿವಾರ ಸಾಯೋದು! ಎಪ್ಪತ್ತರ ದಶಕದ ಶುರುವಲ್ಲಿ ಟೀವೀಲಿ ಹಿಂಸೆ ಜಾಸ್ತಿ ಆಯ್ತು ಅಂತ ಗಲಾಟೆ ಆಗಿ ಆ ಸೀನ್ ತೆಗೆದು ಮ್ಯಾಟ್ ಕುದುರೆ ಮೇಲೆ ಓಡೋದನ್ನ ಹಾಕಿದ್ರು, ನನ್ ಪ್ರಕಾರ ತೆಗೀಬಾರ್ದಿತ್ತು.

ಈಗ ಆರ್ನೆಸ್ ವಿಷ್ಯ. ಆಳು ಆರಡಿ ಏಳಿಂಚು, ಬಾಗಿಲಲ್ಲಿ ಬಗ್ಗಿ ಬರ್ಬೇಕು. ಎರಡನೇ ಮಹಾಯುದ್ಧದಲ್ಲಿ ಅಮೆರಿಕನ್ ಸೈನ್ಯದಲ್ಲಿದ್ರು, 1944ರಲ್ಲಿ ಇಟಲಿಯ ಆಂಜಿಯೋದಲ್ಲಿ ಬಲಗಾಲಿಗೆ ಕೆಟ್ಟದಾಗಿ ಗುಂಡೇಟು ಬಿತ್ತು, ತಿಂಗಳುಗಟ್ಟಲೆ ಆಸ್ಪತ್ರೆ, ಆ ಕಾಲು ಜೀವನ ಪೂರ್ತಿ ಕಾಡ್ತು. ಅಂದ್ರೆ ಗುಂಡು ತಿಂದು ಮಲಗೋದು ಏನು ಅಂತ ಆ ಮನುಷ್ಯನಿಗೆ ಸ್ಕ್ರಿಪ್ಟ್ ಓದಿ ತಿಳ್ಕೋಬೇಕಾಗಿರ್ಲಿಲ್ಲ. ಹಾಸಿಗೇಲಿ ಮಲಗಿರೋ ಸೀನಲ್ಲಿ ಅವರು ನರಳಾಟ ಗಿರಳಾಟ ಏನೂ ಮಾಡಲ್ಲ, ಒಂದು ಥರ ಬೇಜಾರಲ್ಲಿ ಇರೋ ಹಾಗಿರ್ತಾರೆ, ನೋವಿಗಿಂತ ಅವಮಾನ ಜಾಸ್ತಿ ಆಗಿರೋರ ಮುಖ. ಇನ್ನೊಂದು ವಿಚಿತ್ರ ಕೇಳಿ, ಮ್ಯಾಟ್ ಜೊತೆಗಿರೋ ಚೆಸ್ಟರ್ ಪಾತ್ರ ಒಂದು ಕಾಲು ಮಡಚದೆ ಕುಂಟ್ಕೊಂಡು ನಡಿಯುತ್ತಲ್ಲ, ಅದನ್ನ ಮಾಡಿದ ಡೆನಿಸ್ ವೀವರ್ ಅವರಿಗೆ ಕಾಲಿಗೆ ಏನೂ ಆಗಿರ್ಲಿಲ್ಲ, 1948ರ ಒಲಿಂಪಿಕ್ಸ್‌ಗೆ ಅಮೆರಿಕದ ಡೆಕಾಥ್ಲಾನ್ (ಓಟ, ಜಿಗಿತ, ಎಸೆತ ಸೇರಿ ಹತ್ತು ಸ್ಪರ್ಧೆ) ಟ್ರಯಲ್ಸ್‌ವರೆಗೂ ಹೋಗಿದ್ದ ಅಥ್ಲೀಟು. ಕಾಲು ಚೆನ್ನಾಗಿರೋರು ಕುಂಟಿದ್ರು, ನಿಜವಾಗ್ಲೂ ನೋವಿರೋರು ನೆಟ್ಟಗೆ ನಡೆದ್ರು.

ರೇಡಿಯೋ ವಿಷ್ಯಾನೂ ಹೇಳ್ಬಿಡ್ತೀನಿ. ಇದು 1952ರಿಂದಾನೇ ರೇಡಿಯೋದಲ್ಲಿ ಬರ್ತಿತ್ತು, ನಾರ್ಮನ್ ಮ್ಯಾಕ್‌ಡೊನೆಲ್ ಮತ್ತೆ ಜಾನ್ ಮೆಸ್ಟನ್ ಕಟ್ಟಿದ್ದು. ಮ್ಯಾಟ್‌ಗೆ ದನಿ ಕೊಡ್ತಿದ್ದಿದ್ದು ವಿಲಿಯಂ ಕಾನ್ರಾಡ್, ಎಂಥಾ ಕಂಠ ಅಂದ್ರೆ ಕಣ್ಮುಚ್ಚಿ ಕೇಳಿದ್ರೆ ಎಂಟಡಿ ಆಳು ಅನ್ಸುತ್ತೆ. ಆದ್ರೆ ಮೈ ದಪ್ಪ, ಹಾಗಾಗಿ ಟೀವಿಗೆ ಅವರನ್ನ ತಗೊಳ್ಳಲಿಲ್ಲ. ಪಾಪ ಅನ್ಸುತ್ತೆ.

ನಿಜವಾದ ಡಾಜ್ ಸಿಟಿ ಬಗ್ಗೆ ಓದ್ತಾ ಹೋದ್ರೆ ಈ ಎಪಿಸೋಡ್ ಇನ್ನೂ ಜಾಸ್ತಿ ಇಷ್ಟ ಆಗುತ್ತೆ. ಊರು ಹುಟ್ಟಿದ್ದು 1872ರಲ್ಲಿ, ಸಾಂಟಾ ಫೆ ರೈಲು ಬಂದಾಗ. ಮೊದಲು ಕಾಡೆಮ್ಮೆ ಚರ್ಮದ ವ್ಯಾಪಾರ, ಅವುಗಳನ್ನೆಲ್ಲ ಕೊಂದು ಮುಗಿಸಿದ್ಮೇಲೆ ಟೆಕ್ಸಾಸ್‌ನಿಂದ ದನ ಹೊಡ್ಕೊಂಡು ಬಂದು ರೈಲಿಗೆ ಹತ್ತಿಸೋ ಊರಾಯ್ತು, 1880ರ ದಶಕದ ನಡುವಿನವರೆಗೂ ಅದೇ. ತಿಂಗಳಾನುಗಟ್ಟಲೆ ದನ ಕಾಯ್ದು ಬಂದ ಹುಡುಗರು, ಕೈಯಲ್ಲಿ ಸಂಬಳ, ಎದುರಿಗೆ ಸಲೂನು (ಕ್ಷೌರದಂಗಡಿ ಅಲ್ಲ, ಅಲ್ಲಿ ಸಲೂನು ಅಂದ್ರೆ ಹೆಂಡದಂಗಡಿ). ಬೀದಿಬೀದೀಲಿ ಹೆಣ ಬೀಳ್ತಿತ್ತು ಅಂತ ಸಿನಿಮಾಗಳು ತೋರಿಸ್ತಾವೆ. ಇತಿಹಾಸಕಾರ ರಾಬರ್ಟ್ ಡಿಕ್‌ಸ್ಟ್ರಾ ಹಳೇ ಪೇಪರು ದಾಖಲೆ ಎಲ್ಲಾ ಜಾಲಾಡಿ ಎಣಿಸಿದ್ರೆ, ಡಾಜ್ ಸಿಟಿನೂ ಸೇರಿ ಐದು ದನದ ಊರುಗಳಲ್ಲಿ 1870ರಿಂದ 1885ರವರೆಗೆ ಒಟ್ಟು 45 ಕೊಲೆ. ಟೀವಿ ಡಾಜ್ ಸಿಟೀಲಿ ಅಷ್ಟು ಜನ ಸಾಯೋಕೆ ಬಹಳ ದಿನ ಬೇಕಾಗಿರ್ಲಿಲ್ಲ. ಅಲ್ಲಿ ಊರೊಳಗೆ ಗನ್ ಇಟ್ಕೊಂಡು ಓಡಾಡೋದೇ ಕಾನೂನಿಗೆ ವಿರುದ್ಧ ಇತ್ತು, ಬೀದೀಲಿ ಬೋರ್ಡೇ ಹಾಕಿದ್ರು, ಫೋಟೋ ಇದೆ. ಮಾರ್ಷಲ್ ಕೆಲ್ಸ ಅಂದ್ರೆ ಮುಖ್ಯವಾಗಿ ಕುಡುಕರ ಕೈಯಿಂದ ಗನ್ ಇಸ್ಕೊಳ್ಳೋದು.

ಆ ಕೆಲ್ಸ ಮಾಡೋಕೆ ಹೋಗಿ ಒಬ್ಬ ಮಾರ್ಷಲ್ ಸತ್ತಿದ್ದೂ ನಿಜ. ಎಡ್ ಮಾಸ್ಟರ್‌ಸನ್, ಪ್ರಸಿದ್ಧ ಬ್ಯಾಟ್ ಮಾಸ್ಟರ್‌ಸನ್‌ನ ಅಣ್ಣ. 1878ರ ಏಪ್ರಿಲ್‌ನಲ್ಲಿ ಕುಡಿದಿದ್ದ ಕೌಬಾಯ್ ಒಬ್ಬನ ಗನ್ ಕಿತ್ಕೊಳ್ಳೋಕೆ ಹೋದಾಗ ಗುಂಡು ಹಾರ್ತು, ಎಷ್ಟು ಹತ್ರದಿಂದ ಅಂದ್ರೆ ನಳಿಗೆ ಬೆಂಕಿಗೆ ಎಡ್‌ನ ಬಟ್ಟೆ ಹತ್ಕೊಂಡು ಉರೀತಿತ್ತು. ಆ ಸ್ಥಿತೀಲೇ ರಸ್ತೆ ದಾಟಿ ಸಲೂನಿನವರೆಗೂ ನಡ್ಕೊಂಡು ಬಂದು ಬಿದ್ನಂತೆ. ಅಲ್ಲೂ ಜೀವ ತೆಗೆದಿದ್ದು ದೂರ ಇಲ್ದೇ ಇದ್ದಿದ್ದೇ. ಮೆಸ್ಟನ್ ಕಥೆ ಬರೆಯೋವಾಗ ಇದು ಮನಸ್ಸಲ್ಲಿ ಇತ್ತಾ ಅಂತ ಹೇಳೋಕಾಗಲ್ಲ, ಆದ್ರೆ ಆ ಕಾಲದ ರಿವಾಲ್ವರ್ ಎಷ್ಟು ಹತ್ರದ ಆಯುಧ ಅನ್ನೋದು ಆ ಟೀಮ್‌ಗೆ ಚೆನ್ನಾಗಿ ಅರ್ಥ ಆಗಿತ್ತು. ಸಿನಿಮಾಗಳು ಎಲ್ಲಾ ದುಡ್ಡನ್ನೂ ಕೈ ಸ್ಪೀಡ್ ಮೇಲೆ ಹಾಕಿದ್ವು, ಇವ್ರು ಕಾಲ ಕೆಳಗಿನ ನೆಲದ ಮೇಲೆ ಹಾಕಿದ್ರು.

ಎಲ್ಲಾ ಸರಿ ಇದೆ ಅಂತ ಹೇಳ್ತಿಲ್ಲ. ಸಲೂನಿನಲ್ಲಿರೋ ಕಿಟ್ಟಿ ಪಾತ್ರ ಮಾಡಿದ ಅಮಾಂಡಾ ಬ್ಲೇಕ್ ಎಂಥಾ ನಟಿ, ಈ ಎಪಿಸೋಡಲ್ಲಿ ಆಕೆಗೆ ಗಾಬರಿ ಪಡೋದು ಬಿಟ್ಟು ಹೆಚ್ಚೇನೂ ಕೆಲ್ಸ ಇಲ್ಲ. ಆ ಕಾಲದ ಕೌಬಾಯ್‌ಗಳಲ್ಲಿ ಕಪ್ಪು ಜನ ಸಾಕಷ್ಟಿದ್ರು, ಈ ಬೀದೀಲಿ ಅವರು ಕಾಣ್ಸಲ್ಲ. ಆ ನೆಲ ಯಾರದಾಗಿತ್ತು ಅನ್ನೋ ಮಾತಂತೂ ಕೇಳ್ಲೇಬೇಡಿ. ಪ್ರಾಮಾಣಿಕ ಪ್ರೋಗ್ರಾಂ ಅಂತ ವೇನ್ ಅವರು ಹೇಳಿದ್ದು ಗನ್ನಿನ ವಿಷ್ಯದಲ್ಲಿ ನಿಜ, ಬೇರೆ ವಿಷ್ಯದಲ್ಲಿ ಅರ್ಧ.

ಫ್ರೆಂಡ್ ಒಬ್ಬ ಇದನ್ನೆಲ್ಲಾ ಕೇಳಿ, ಅಯ್ಯೋ ಏನಪ್ಪಾ ಕೊನೇಗೆ ಗುಂಡು ಹೊಡ್ದೇ ಗೆದ್ದ ತಾನೆ, ಇದರಲ್ಲೇನು ದೊಡ್ಡಸ್ತಿಕೆ ಅಂದ. ಸರೀನೇ, ಹೊಡ್ದೇ ಗೆದ್ದ. ಆದ್ರೆ ಹೀರೋ ನಂಬರ್ ಒನ್ ಅಲ್ಲ ಅಂತ ಮೊದಲನೇ ದಿನಾನೇ ಹೇಳ್ಬಿಟ್ಟಿದ್ರಿಂದ ಅವರಿಗೆ ಒಂದು ಲಾಭ ಆಯ್ತು ನೋಡಿ. ಮುಂದಿನ ವಾರ ಯಾವನೋ ಊರಿಗೆ ಬಂದ ಅಂದ್ರೆ, ಈ ಸಲ ಮ್ಯಾಟ್ ಉಳೀತಾನೋ ಇಲ್ವೋ ಅನ್ನೋ ಅನುಮಾನ ನೋಡೋರಿಗೆ ಇದ್ದೇ ಇರುತ್ತೆ. ಸೋಲದೇ ಇರೋ ಹೀರೋನ ಎಷ್ಟು ದಿನ ಎಳಿಯೋಕಾಗುತ್ತೆ? ಇದು 1975ರವರೆಗೆ ಇಪ್ಪತ್ತು ಸೀಸನ್, 635 ಎಪಿಸೋಡ್ ಓಡ್ತು, ಅಮೆರಿಕದ ಪ್ರೈಮ್ ಟೈಮ್ ಕಥಾ ಸೀರಿಯಲ್‌ಗಳಲ್ಲಿ ಎಪಿಸೋಡ್ ಲೆಕ್ಕದ ಆ ದಾಖಲೆ ಮುರಿದಿದ್ದು 2018ರಲ್ಲಿ, ಅದೂ ‘ಸಿಂಪ್ಸನ್ಸ್’ ಅನ್ನೋ ಕಾರ್ಟೂನು.

ನೋಡೋದಾದ್ರೆ ಅರ್ಧ ಗಂಟೆಯ ಬ್ಲ್ಯಾಕ್ ಅಂಡ್ ವೈಟ್ ಎಪಿಸೋಡ್‌ಗಳಿಂದಾನೇ ಶುರುಮಾಡಿ. 1961ರಲ್ಲಿ ಒಂದು ಗಂಟೆ ಆಯ್ತು, 1966ರಲ್ಲಿ ಕಲರ್ ಬಂತು, ಅದರಲ್ಲೂ ಒಳ್ಳೇವು ಇದಾವೆ ಆದ್ರೆ ಆ ಬಿಗಿ ಇಲ್ಲ. ಮತ್ತೆ ಇದನ್ನ ಮುಗಿಸಿ ನಿಲ್ಲಿಸ್ಬೇಡಿ, ಎರಡನೇ ಎಪಿಸೋಡ್ ‘ಹಾಟ್ ಸ್ಪೆಲ್’ ಕೂಡ ನೋಡಿ, ಅದರಲ್ಲಿ ಮ್ಯಾಟ್ ಜೈಲಿಂದ ಬಂದ ಒಬ್ಬನನ್ನ ನೇಣು ಹಾಕೋಕೆ ಬಂದ ಜನರ ಗುಂಪಿಂದ ಕಾಪಾಡ್ಬೇಕಾಗುತ್ತೆ. ನೋಡಿದೋರು ಕಾಮೆಂಟಲ್ಲಿ ಹೇಳಿ, ಎರಡರಲ್ಲಿ ಯಾವ್ದು ಮೇಲು ಅಂತ ನಂಗೂ ನಮ್ ಮನೆಯವ್ರಿಗೂ ಇನ್ನೂ ಜಗಳ ಇದೆ.