ಶುಗರ್ ಎಷ್ಟಿದೆ ಸಾರ್?

ಚಿಕ್ಕಬಳ್ಳಾಪುರದಲ್ಲಿ ಕಾರು ಕೊಳ್ಳುವುದು ಮನೆಯ ವಿಷಯ, ಮಾರುವುದು ಊರಿನ ವಿಷಯ. ಕೊಂಡಾಗ ಜನ ಬಂದು ಪೇಡೆ ತಿಂದು, ಮೈಲೇಜ್ ಎಷ್ಟೆಂದು ಕೇಳಿ, ತಾವಾಗಿದ್ದರೆ ಬೇರೆ ಬಣ್ಣ ಕೊಳ್ಳುತ್ತಿದ್ದೆವೆಂದು ತಿಳಿಸಿ ಹೊರಟುಹೋಗುತ್ತಾರೆ. ಮಾರಿದಾಗ ಅಷ್ಟು ಬೇಗ ಹೊರಡುವುದಿಲ್ಲ, ಕಾರಣ ಕೇಳುತ್ತಾರೆ. ಆ ಕಾರಣ ನಂಬುವಂತಿದ್ದರೆ ಸಾಲದು, ಕೇಳಿದವರಲ್ಲಿ ಒಂದಿಷ್ಟು ಮರುಕವನ್ನೂ ಮರುಕದ ಅಡಿಯಲ್ಲಿ ಒಂದಿಷ್ಟು ನೆಮ್ಮದಿಯನ್ನೂ ಹುಟ್ಟಿಸುವಂತಿರಬೇಕು. ನನ್ನ ಬಳಿ ಅಂಥ ಕಾರಣ ಇರಲಿಲ್ಲ.

ಇದ್ದದ್ದು ತೀರ ನೀರಸವಾದ ಕಾರಣ. ನಾನು ಪಾಠ ಹೇಳುವ ಕಾಲೇಜು, ತರಕಾರಿ ಮಾರುಕಟ್ಟೆ, ಬಜಾರ್ ರಸ್ತೆಯ ದಿನಸಿ ಅಂಗಡಿ, ಬಸ್ ನಿಲ್ದಾಣ ಇವೆಲ್ಲವೂ ಮನೆಯಿಂದ ಮೂರು ಕಿಲೋಮೀಟರಿನೊಳಗೇ ಇವೆ. ಈ ಮೂರು ಕಿಲೋಮೀಟರಿಗಾಗಿ ವರ್ಷವರ್ಷವೂ ವಿಮೆ ಕಟ್ಟಿ, ಸರ್ವೀಸು ಮಾಡಿಸಿ, ನೀರಿನ ಟ್ಯಾಂಕರ್ ಬಂದಾಗ ಬೆಳಗಿನ ಜಾವ ಲುಂಗಿಯಲ್ಲೇ ಓಡಿಹೋಗಿ ಕಾರನ್ನು ಮುಂದಕ್ಕೆ ತೆಗೆದು, ಹಾಲಿನ ವ್ಯಾನಿನವನು ಹಾರ್ನ್ ಹೊಡೆದಾಗ ಮತ್ತೆ ಹಿಂದಕ್ಕೆ ತೆಗೆದು, ಆ ವಾಹನ ತನ್ನ ಆಯುಷ್ಯದ ಬಹುಪಾಲು ದೂರವನ್ನು ನಮ್ಮ ಮನೆಯ ಗೇಟಿನೆದುರೇ ಕ್ರಮಿಸಿದಂತೆ ಕಾಣುತ್ತಿತ್ತು. ಆದ್ದರಿಂದ ಅದನ್ನು ವಾಪಸಂದ್ರದ ಕಡೆಯ ಗುಲಾಬಿ ಬೆಳೆಗಾರರೊಬ್ಬರಿಗೆ ಕೊಟ್ಟೆ. ಸಾರಿಗೆ ಇಲಾಖೆಯ 29 ಮತ್ತು 30ನೆಯ ನಮೂನೆಗಳಿಗೆ ಸಹಿ ಹಾಕಿದೆ. ಆ ನಮೂನೆಗಳಲ್ಲಿ ಕೊಟ್ಟವನ ಹೆಸರು, ಕೊಂಡವನ ಹೆಸರು, ಎಂಜಿನ್ ಸಂಖ್ಯೆ, ಚಾಸಿ ಸಂಖ್ಯೆ ಎಲ್ಲಕ್ಕೂ ಜಾಗವಿದೆ. ಏಕೆ ಮಾರಿದೆ ಎಂಬುದಕ್ಕೆ ಮಾತ್ರ ಜಾಗವಿಲ್ಲ. ಸರ್ಕಾರ ಖಾಲಿ ಬಿಟ್ಟ ಆ ಕಲಮನ್ನು ನಮ್ಮ ಬೀದಿ ತುಂಬಿತು.

2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಜಿಲ್ಲಾ ಕೇಂದ್ರವಾದ ಮೇಲೆ ನಮ್ಮ ಊರು ಬಹಳ ಬೆಳೆದಿದೆಯಾದರೂ, ಸುದ್ದಿ ಹರಡುವ ವಿಷಯದಲ್ಲಿ ಇನ್ನೂ ತಾಲ್ಲೂಕು ಕೇಂದ್ರದ ಚುರುಕನ್ನೇ ಉಳಿಸಿಕೊಂಡಿದೆ. ನಾನು ಶೇರು ಪೇಟೆಯಲ್ಲಿ ಮುಳುಗಿದ್ದೇನೆ ಎಂಬುದು ಮೊದಲು ಹುಟ್ಟಿದ ವಾದ. ಮಗಳ ಮೆಡಿಕಲ್ ಸೀಟಿಗೆ ದುಡ್ಡು ಹೊಂದಿಸುತ್ತಿದ್ದೇನೆ ಎಂಬುದು ಎರಡನೆಯದು. ನನಗೆ ಮಗಳೇ ಇಲ್ಲದಿದ್ದುದರಿಂದ ಈ ವಾದಕ್ಕೆ ಒಂದು ವಾರಕ್ಕಿಂತ ಹೆಚ್ಚು ಬಾಳಿಕೆ ಬರಲಿಲ್ಲ. ಕ್ಷೌರದಂಗಡಿಯಲ್ಲಿ ಹುಟ್ಟಿದ ಮೂರನೆಯ ವಾದ ಮಾತ್ರ ಗಟ್ಟಿಯಾಗಿ ನಿಂತಿತು. ನಡುವಯಸ್ಸಿನ ಮೇಷ್ಟರೊಬ್ಬರು ಕಾರು ಮಾರಿ ಸೈಕಲ್ ತುಳಿಯುತ್ತಿದ್ದಾರೆಂದರೆ ಡಾಕ್ಟರು ಹೇಳಿರಲೇಬೇಕು, ಡಾಕ್ಟರು ಹೇಳಿದ್ದರೆ ಅದು ಸಕ್ಕರೆ ಕಾಯಿಲೆಯೇ ಆಗಿರಬೇಕು. ಆ ದಿನದಿಂದ ಶಿಡ್ಲಘಟ್ಟ ವೃತ್ತದ ಸಿಗ್ನಲ್ಲಿನಲ್ಲಿ ನನ್ನ ಪಕ್ಕಕ್ಕೆ ಬಂದು ನಿಲ್ಲುವ ಪರಿಚಯಸ್ಥರೆಲ್ಲ ನಮಸ್ಕಾರದ ಬದಲಿಗೆ “ಶುಗರ್ ಎಷ್ಟಿದೆ ಸಾರ್?” ಎಂದು ಕೇಳತೊಡಗಿದರು. ಇಲ್ಲವೇ ಇಲ್ಲ ಎಂದರೆ, “ಆರಂಭದಲ್ಲಿ ಹಾಗೇ ಅನ್ನಿಸೋದು” ಎಂದು ಸಮಾಧಾನ ಹೇಳುತ್ತಿದ್ದರು. ಹಾಗಲಕಾಯಿ ರಸ, ಮೆಂತ್ಯದ ನೀರು, ನೇರಳೆ ಬೀಜದ ಪುಡಿ ಇವುಗಳ ಬಗ್ಗೆ ಆ ಸಿಗ್ನಲ್ಲಿನಲ್ಲಿ ನಿಂತು ನಾನು ಪಡೆದ ಜ್ಞಾನ ಒಂದು ಸಣ್ಣ ಆಯುರ್ವೇದ ಕಾಲೇಜಿಗೆ ಸಾಕು.

ಈ ಕಾಯಿಲೆಯ ನಿಜವಾದ ಪರಿಣಾಮ ನನಗೆ ಅರಿವಾದದ್ದು ಮದುವೆಯ ಪಂಕ್ತಿಯಲ್ಲಿ. ಹೋಳಿಗೆಯ ತಟ್ಟೆ ಹಿಡಿದು ಬಂದವನು ನನ್ನ ಎಲೆಯ ಮುಂದೆ ಕ್ಷಣಕಾಲ ನಿಂತು, ಮುಖ ನೋಡಿ, ಗುರುತು ಹಿಡಿದು, ಮುಂದಿನ ಎಲೆಗೆ ಎರಡು ಹಾಕಿ ನಡೆದನು. ಪಾಯಸದವನು ನಿಲ್ಲಲೂ ಇಲ್ಲ. ಅದಕ್ಕೂ ಮೊದಲು, ಕಲ್ಯಾಣ ಮಂಟಪದ ಗೇಟಿನಲ್ಲಿ ವಾಹನ ನಿಲ್ಲಿಸಲು ಚೀಟಿ ಹರಿಯುತ್ತಿದ್ದ ಹುಡುಗ ನನ್ನ ಸೈಕಲ್ಲಿಗೆ ದರವೇ ಗೊತ್ತಾಗದೆ ಒಳಗೆ ಹೋಗಿ ವಿಚಾರಿಸಿಕೊಂಡು ಬಂದು, “ಅಡುಗೆಯವರದ್ದೆಲ್ಲ ಹಿಂದಿನ ಬಾಗಿಲಲ್ಲಿ” ಎಂದಿದ್ದನು. ಹಿಂದಿನ ಬಾಗಿಲಿನಿಂದ ಹೋದದ್ದಕ್ಕೆ ನನಗೆ ಬೇಸರವಿಲ್ಲ. ಅಲ್ಲಿ ಒಲೆಯ ಪಕ್ಕದಲ್ಲೇ ಹೋಳಿಗೆ ಬೇಯುತ್ತಿತ್ತು. ಆದರೆ ಅದು ನನ್ನನ್ನು ಬಿಟ್ಟು ಉಳಿದವರೆಲ್ಲರಿಗಾಗಿ ಬೇಯುತ್ತಿದೆ ಎಂಬುದು ಆಗ ತಿಳಿದಿರಲಿಲ್ಲ.

ಸೈಕಲ್ಲಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಅಂಗಡಿಯವರು ಗೇರು, ಡಿಸ್ಕ್ ಬ್ರೇಕು, ಬಾಳೆಯ ದಿಂಡಿನಷ್ಟು ದಪ್ಪ ಟೈರು ಇರುವ ಬಣ್ಣಬಣ್ಣದ ಸೈಕಲ್ಲುಗಳನ್ನು ತೋರಿಸಿದರೂ, ನಾನು ಮೂಲೆಯಲ್ಲಿ ಧೂಳು ಹೊದ್ದು ನಿಂತಿದ್ದ ಕಪ್ಪು ಬಣ್ಣದ, ಸರಳು ಬ್ರೇಕಿನ, ಕ್ಯಾರಿಯರ್ ಇರುವ ಹಳೆಯ ಮಾದರಿಯನ್ನೇ ಕೊಂಡೆ. ಅಂಗಡಿಯವರು, “ತೋಟದ ಆಳಿಗಾ ಸಾರ್?” ಎಂದು ಕೇಳಿ ಬಿಲ್ಲು ಬರೆದರು. ಅದರ ತೂಕ ಇಪ್ಪತ್ತು ಕಿಲೋದ ಆಸುಪಾಸಿನಲ್ಲಿದೆ. ಇಳಿಜಾರಿನಲ್ಲಿ ಅದು ನನ್ನ ಮಾತನ್ನು ಕೇಳುವುದಿಲ್ಲ. ಮಳೆಯಲ್ಲಿ ಉಕ್ಕಿನ ರಿಮ್ಮು ಒದ್ದೆಯಾದರೆ ಬ್ರೇಕಿನ ಮಾತನ್ನೂ ಕೇಳುವುದಿಲ್ಲ. ರಾಜ್ಯ ಸರ್ಕಾರ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಹಂಚಲು ತೊಡಗಿತಲ್ಲ, ಆ ಸೈಕಲ್ಲಿನಲ್ಲಿ ಹಳ್ಳಿಯಿಂದ ಬಂದು ಓದಿದ್ದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ಸ್ಕೂಟರಿನಲ್ಲಿ ಓಡಾಡುತ್ತಾಳೆ. ಕಂದವಾರದ ಕೆರೆಯ ಬಳಿ ಏದುಸಿರು ಬಿಡುತ್ತಿದ್ದ ನನ್ನನ್ನು ಕಂಡು ವೇಗ ತಗ್ಗಿಸಿ, “ಹಿಮ್ಮಡಿಯಲ್ಲಿ ತುಳೀಬೇಡಿ ಸಾರ್, ಮುಂಗಾಲಲ್ಲಿ ತುಳೀರಿ, ಸೀಟು ಎರಡು ಬೆರಳು ಎತ್ತರಿಸಿ” ಎಂದು ಪಾಠ ಹೇಳಿ ಮುಂದೆ ಹೋದಳು. ಆಕೆ ಹೇಳಿದ್ದು ಸರಿಯಾಗಿತ್ತು. ನನ್ನ ಪಾಠ ಆಕೆಗೆ ಅಷ್ಟು ಬೇಗ ಉಪಯೋಗಕ್ಕೆ ಬಂದಿತೆಂದು ನನಗನ್ನಿಸುವುದಿಲ್ಲ.

ಇನ್ನು ಸಾಮಾನು ಸಾಗಣೆ. ನಮ್ಮ ಸೀಮೆಯ ಬೆಂಗಳೂರು ನೀಲಿ ದ್ರಾಕ್ಷಿಯನ್ನು ಚೀಲದಲ್ಲಿ ಹಾಕಿ ಹ್ಯಾಂಡಲ್ಲಿಗೆ ತೂಗುಬಿಟ್ಟು, ಒಂದು ಫರ್ಲಾಂಗಿಗೆ ಎರಡರಂತೆ ಹಾಕಿರುವ ರಸ್ತೆ ಉಬ್ಬುಗಳ ಮೇಲೆ ಮನೆಗೆ ತಂದರೆ, ಚೀಲದಲ್ಲಿ ಉಳಿಯುವುದು ಬೀಜ ಮತ್ತು ತೊಟ್ಟು. ಉಳಿದದ್ದು ಬಿಳಿಯ ಪಂಚೆಯ ಮೇಲಿರುತ್ತದೆ. ಎಷ್ಟು ಒಗೆದರೂ ಹೋಗದ ಆ ಬಣ್ಣವನ್ನು ನನ್ನ ಹೆಂಡತಿ ಈಗಲೂ ನೆಂಟರಿಗೆ ತೋರಿಸುತ್ತಾಳೆ. ಇದಕ್ಕಿಂತ ಕಷ್ಟವೆಂದರೆ ಸಹೋದ್ಯೋಗಿಗಳ ಕರುಣೆ. ಕಾರು ನಿಲ್ಲಿಸಿ, ಗಾಜು ಇಳಿಸಿ, “ಬನ್ನಿ ಸಾರ್, ಹತ್ತಿ” ಎನ್ನುತ್ತಾರೆ. ನಾನು ಹತ್ತಿದರೆ ಸೈಕಲ್ಲು ಏನಾಗಬೇಕೆಂಬ ಪ್ರಶ್ನೆ ಅವರಿಗೆ ಹೊಳೆಯುವಷ್ಟರಲ್ಲಿ ಹಿಂದೆ ಏಳೆಂಟು ವಾಹನಗಳು ನಿಂತು ಹಾರ್ನ್ ಹೊಡೆಯುತ್ತಿರುತ್ತವೆ, ಮತ್ತು ಅಷ್ಟೂ ಜನ ಬೈಯುವುದು ದಾರಿಯ ಅಂಚಿನಲ್ಲಿ ಸುಮ್ಮನೆ ನಿಂತಿರುವ ಸೈಕಲ್ಲಿನವನನ್ನೇ.

ಕಾರು ಮನೆಯಿಂದ ಹೋದರೂ ಫೋನಿನಿಂದ ಹೋಗಲಿಲ್ಲ. 2021ರ ಫೆಬ್ರವರಿಯಿಂದ ಟೋಲುಗಳಲ್ಲಿ ಕಡ್ಡಾಯವಾದ ಫಾಸ್ಟ್ಯಾಗ್ ಚೀಟಿ ಅದರ ಗಾಜಿನ ಮೇಲೆ ಅಂಟಿಕೊಂಡೇ ಇತ್ತು. ಖಾತೆ ಮುಚ್ಚಲು ಹೋದರೆ, ಹರಿದ ಚೀಟಿಯ ಫೋಟೋ ಬೇಕೆಂದರು. ಚೀಟಿ ಹರಿಯಬೇಕಾದವರು ಗುಲಾಬಿ ಬೆಳೆಗಾರರು. ಅವರಿಗೆ ಹೂವಿನ ಮಾರುಕಟ್ಟೆ, ಬೆಲೆ ಕುಸಿತ, ಬೂದಿ ರೋಗ ಇವುಗಳ ನಡುವೆ ಬಿಡುವಿಲ್ಲ. ಬಹಳ ಪ್ರಾಮಾಣಿಕರಾದ್ದರಿಂದ ಪ್ರತಿ ಬಾರಿಯೂ ಟೋಲಿನ ಹಣವನ್ನು ಆ ಸಂಜೆಯೇ ನನ್ನ ಫೋನಿಗೆ ಕಳಿಸಿ, “ನಿಮ್ಮ ಮೂಲಕವೇ ನಡೀಲಿ ಬಿಡಿ ಸಾರ್, ಒಳ್ಳೆ ಕೈಗುಣ” ಎನ್ನುತ್ತಾರೆ. ಹೀಗಾಗಿ ಅವರು ಬೆಂಗಳೂರಿಗೆ ಹೋದರೆ ಸಾದಹಳ್ಳಿಯಿಂದ, ಆಂಧ್ರದ ಕಡೆಗೆ ಹೊರಟರೆ ಬಾಗೇಪಲ್ಲಿಯಿಂದ ನನಗೆ ಸಂದೇಶ ಬರುತ್ತದೆ. ಪಾಠ ಮಾಡುತ್ತಿರುವಾಗ, ಸ್ನಾನ ಮಾಡುತ್ತಿರುವಾಗ, ಸೈಕಲ್ಲನ್ನು ತಳ್ಳಿಕೊಂಡು ಏರು ಹತ್ತುತ್ತಿರುವಾಗ ನನ್ನ ಕಾರು ಎಲ್ಲಿ ಸುಖವಾಗಿ ಸಂಚರಿಸುತ್ತಿದೆ ಎಂಬುದು ನನಗೆ ತಿಳಿಯುತ್ತಲೇ ಇರುತ್ತದೆ. ಒಂದು ರಾತ್ರಿ ಅವರ ಮನೆಯಿಂದಲೇ ಫೋನ್ ಬಂದಿತು: “ಇವರು ಫೋನ್ ಎತ್ತುತ್ತಿಲ್ಲ, ಎಲ್ಲಿದ್ದಾರೆ ಅಂತ ಸ್ವಲ್ಪ ನೋಡಿ ಹೇಳ್ತೀರಾ ಸಾರ್?” ನೋಡಿ ಹೇಳಿದೆ.

ಇಷ್ಟೆಲ್ಲ ಆದರೂ ಸೈಕಲ್ಲನ್ನು ನಮ್ಮ ಊರು ಕೀಳಾಗಿ ನೋಡುತ್ತದೆ ಎಂದರೆ ಅನ್ಯಾಯವಾಗುತ್ತದೆ. ಅದರ ಗೌರವವೆಲ್ಲ ಭಾನುವಾರಕ್ಕೆ ಮೀಸಲು. ಅಂದು ಬೆಂಗಳೂರಿನಿಂದ ನೂರಾರು ಮಂದಿ ಸೈಕಲ್ ತುಳಿಯಲು ನಂದಿಬೆಟ್ಟಕ್ಕೆ ಬರುತ್ತಾರೆ. ಕೆಲವರು ಹೆದ್ದಾರಿಯುದ್ದಕ್ಕೂ ತುಳಿದುಕೊಂಡೇ ಬರುತ್ತಾರೆ. ಹಲವರು ಸೈಕಲ್ಲನ್ನು ಕಾರಿನ ಹಿಂದೆ ಕಟ್ಟಿಕೊಂಡು ಬೆಟ್ಟದ ತಪ್ಪಲಿನವರೆಗೆ ಬಂದು, ಕಾರನ್ನು ನಿಲ್ಲಿಸಿ, ಸೈಕಲ್ಲನ್ನು ಇಳಿಸಿ, ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ಆ ಬೆಟ್ಟವನ್ನು ತಿರುವು ತಿರುವಾಗಿ ಏರಿ ಇಳಿದು, ಸೈಕಲ್ಲನ್ನು ಮತ್ತೆ ಕಾರಿಗೆ ಕಟ್ಟಿಕೊಂಡು ಹೋಗುತ್ತಾರೆ. ಮೈಗಂಟಿದ ಉಡುಪು, ಕಪ್ಪು ಕನ್ನಡಕ, ನಡೆದರೆ ಟಕಟಕ ಎನ್ನುವ ಪಾದರಕ್ಷೆ. ಅವರನ್ನು ಕಂಡರೆ ಹಳ್ಳಿಯ ಮಕ್ಕಳು ಕೈಬೀಸುತ್ತಾರೆ, ದೊಡ್ಡವರು ಎಮ್ಮೆಯನ್ನು ಪಕ್ಕಕ್ಕೆ ಎಳೆದುಕೊಳ್ಳುತ್ತಾರೆ. ಯಾರೂ ಅವರ ಶುಗರ್ ಕೇಳುವುದಿಲ್ಲ.

ಅಂಥ ಒಂದು ಭಾನುವಾರ ನಂದಿ ಗ್ರಾಮದಲ್ಲಿ ನೆಂಟರ ಮನೆಯ ಗೃಹಪ್ರವೇಶವಿತ್ತು. ಮುದ್ದೇನಹಳ್ಳಿಯನ್ನು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ರಸ್ತೆಯ ಬದಿಯಲ್ಲಿ ಅವರಲ್ಲೊಬ್ಬರು ಸೈಕಲ್ಲನ್ನು ತಲೆಕೆಳಗು ಮಾಡಿಕೊಂಡು ನಿಂತಿದ್ದರು. ಪಂಕ್ಚರ್. ಹೊಸ ಟ್ಯೂಬ್ ಹಾಕಿದ್ದರು; ಗಾಳಿ ತುಂಬಲೆಂದು ತಂದಿದ್ದ ಬೆರಳುದ್ದದ ಇಂಗಾಲದ ಡೈಆಕ್ಸೈಡ್ ಅನಿಲದ ಸಿಲಿಂಡರು ಬುಸ್ಸೆಂದು ಆಕಾಶಕ್ಕೆ ಖಾಲಿಯಾಗಿತ್ತು; ಜೊತೆಯವರೆಲ್ಲ ಬೆಟ್ಟದ ಮೇಲಿದ್ದರು. ನಾನು ಅವರನ್ನು ಹತ್ತಿರದ ಪಂಕ್ಚರ್ ಅಂಗಡಿಗೆ ಕರೆದುಕೊಂಡು ಹೋದೆ. ಅಲ್ಲಿಯ ಹುಡುಗನಿಗೆ ಜಗತ್ತಿನಲ್ಲಿ ಗಾಳಿ ತುಂಬುವ ಎರಡೇ ಬಗೆಯ ಟ್ಯೂಬ್ ಮೂತಿಗಳು ಗೊತ್ತು: ನನ್ನ ಸೈಕಲ್ಲಿನಂತೆ ಒಳಗೆ ವಾಲ್‌ಟ್ಯೂಬಿನ ರಬ್ಬರು ಇರುವುದು ಒಂದು, ಬೈಕು ಕಾರು ಲಾರಿಗಳದ್ದು ಇನ್ನೊಂದು. ಇವರದ್ದು ಮೂರನೆಯದು, ತೆಳ್ಳಗೆ ಉದ್ದಕ್ಕಿರುವ ಪ್ರೆಸ್ಟಾ. ಅದಕ್ಕೆ ಕಂಪ್ರೆಸರಿನ ಬಾಯಿ ಹಿಡಿಸಲಿಲ್ಲ. ಹುಡುಗ ಬಟ್ಟೆ ಸುತ್ತಿ ಪ್ರಯತ್ನಿಸಿದ, ಬಾಯಿಂದ ಊದಿಯೂ ನೋಡಿದ, ಕೊನೆಗೆ ಬೆಲೆ ಕೇಳಿದ. ಎರಡೂವರೆ ಲಕ್ಷ ಎಂದಾಗ ಸೈಕಲ್ಲಿನಿಂದ ಎರಡು ಹೆಜ್ಜೆ ದೂರ ಸರಿದು ನಿಂತ.

ಗೆಳೆಯರು ಇಳಿದು ಬಂದು ಕಾರು ತರಲು ಇನ್ನೂ ಒಂದೂವರೆ ಗಂಟೆ ಬೇಕೆಂದು ತಿಳಿದು, ಅಷ್ಟರಲ್ಲಿ ಊಟ ಮಾಡಿ ಬರೋಣವೆಂದು ನಾನು ಕರೆದೆ. ಎರಡೂವರೆ ಲಕ್ಷವನ್ನು ಪಂಕ್ಚರ್ ಅಂಗಡಿಯಲ್ಲಿ ಬಿಟ್ಟುಬರಲು ಅವರಿಗೆ ಮನಸ್ಸಾಗಲಿಲ್ಲ. ಅಂತಾರಾಷ್ಟ್ರೀಯ ಸ್ಪರ್ಧೆಗಳಲ್ಲಿ ಸೈಕಲ್ಲು 6.8 ಕಿಲೋಗಿಂತ ಕಡಿಮೆ ತೂಗಬಾರದೆಂಬ ನಿಯಮವಿದೆಯಂತೆ. ತಮ್ಮದು ಅದಕ್ಕಿಂತ ಸ್ವಲ್ಪವೇ ಹೆಚ್ಚೆಂದು ಹೇಳಿ, ಅದನ್ನು ಒಂದೇ ಕೈಯಲ್ಲಿ ಎತ್ತಿ ಹೆಗಲಿಗೆ ಏರಿಸಿಕೊಂಡು ನನ್ನ ಕ್ಯಾರಿಯರಿನ ಮೇಲೆ ಕುಳಿತರು. ನಮ್ಮ ಬಾಲ್ಯದಲ್ಲಿ ಡಬಲ್ಸ್ ಹೊಡೆದರೆ ಪೊಲೀಸರು ಗಾಳಿ ಬಿಡುತ್ತಿದ್ದರು. ಒಂದು ಸೈಕಲ್ಲಿನ ಮೇಲೆ ಇಬ್ಬರು ಮನುಷ್ಯರೂ ಇನ್ನೊಂದು ಸೈಕಲ್ಲೂ ಹೋದರೆ ಏನು ಮಾಡಬೇಕೆಂಬುದಕ್ಕೆ ಯಾವ ಕಾಲದಲ್ಲಿಯೂ ಕಾನೂನು ಇದ್ದಂತಿಲ್ಲ. ಭೋಗನಂದೀಶ್ವರನ ದರ್ಶನಕ್ಕೆ ಬಂದಿದ್ದವರು ತಿರುಗಿ ನಿಂತು ನೋಡಿದರು. ಒಬ್ಬರು ಅದು ಯಾವುದೋ ಹರಕೆಯಿರಬೇಕೆಂದು ನನ್ನನ್ನು ಕೇಳಿಯೇಬಿಟ್ಟರು. ಏರಿನಲ್ಲಿ ನನ್ನ ಉಸಿರು ಕಟ್ಟುತ್ತಿದ್ದಾಗ, ಹಿಂದಿನಿಂದ ಅವರು ತಮ್ಮ ಗಡಿಯಾರ ನೋಡಿಕೊಂಡು, “ಹೃದಯ ಬಡಿತ ಚೆನ್ನಾಗಿ ಇಳಿದಿದೆ ಸಾರ್” ಎಂದರು. ಅವರದ್ದು.

ಗೃಹಪ್ರವೇಶದ ಮನೆಯಲ್ಲಿ ಅವರಿಗೆ ಸಿಕ್ಕ ಮರ್ಯಾದೆಯನ್ನು ಪುರೋಹಿತರೂ ಕಂಡಿರಲಾರರು. ಬೆಂಗಳೂರಿನಿಂದ ಸೈಕಲ್ಲಿನಲ್ಲೇ ಬಂದಿದ್ದಾರೆ ಎಂದು ಮನೆಯ ಯಜಮಾನರು ಒಬ್ಬೊಬ್ಬರಿಗೂ ಪರಿಚಯಿಸಿದರು. ಚಿಕ್ಕಬಳ್ಳಾಪುರದಿಂದ ಸೈಕಲ್ಲಿನಲ್ಲಿ ಬಂದಿದ್ದ, ಅದರಲ್ಲೂ ಕೊನೆಯ ಭಾಗವನ್ನು ಇವರನ್ನೂ ಹೊತ್ತು ತುಳಿದಿದ್ದ ನನಗೆ, “ಯಾಕಪ್ಪಾ ಇಷ್ಟು ಬೆವರಿದ್ದೀಯ, ಶುಗರ್ ಇಳಿದಿರಬೇಕು, ಕೂತ್ಕೋ” ಎಂದು ಕುರ್ಚಿ ಕೊಟ್ಟರು. ಇಳಿದಿದ್ದರೆ ಸಿಹಿ ಕೊಡಬೇಕಲ್ಲವೇ ಎಂಬ ಒಂದು ಆಸೆ ನನ್ನಲ್ಲಿ ಮೂಡಿದ್ದು ಸುಳ್ಳಲ್ಲ. ಎಲೆ ಹಾಕಿದರು. ಅಕ್ಕಪಕ್ಕ ಕುಳಿತೆವು. ಹೋಳಿಗೆಯವನು ಬಂದು, ಅತಿಥಿಗಳ ಎಲೆಗೆ ಮೂರು ಹಾಕಿ, ತುಪ್ಪ ಸುರಿದು, “ಎಷ್ಟು ತಿಂದರೂ ಬೆಟ್ಟ ಹತ್ತಿದರೆ ಕರಗಿಹೋಗುತ್ತೆ” ಎಂದು ಶಹಭಾಸ್ ಹೇಳಿ, ನನ್ನತ್ತ ತಿರುಗಿ, “ಮೇಷ್ಟ್ರಿಗೆ ಮಜ್ಜಿಗೆ ತನ್ನಿ” ಎಂದು ಒಳಗೆ ಕೂಗಿದನು.

ಅತಿಥಿಗಳು ಹೋಳಿಗೆಯನ್ನು ಮುಟ್ಟಲಿಲ್ಲ. ಅವರು ಮೂರು ತಿಂಗಳಿಂದ ಸಕ್ಕರೆ, ಬೆಲ್ಲ, ಮೈದಾ ಯಾವುದನ್ನೂ ತಿನ್ನುತ್ತಿಲ್ಲವಂತೆ. ಎಲೆ ಅವರದ್ದಾಗಿ ಹೋಗಿದ್ದರಿಂದ ನಾನು ಕೈಹಾಕುವಂತಿರಲಿಲ್ಲ. ಕೋಸಂಬರಿಯನ್ನಷ್ಟೇ ಮೂರು ಸಲ ಹಾಕಿಸಿಕೊಂಡು, ತುಪ್ಪದಲ್ಲಿ ನೆನೆದಿದ್ದ ಆ ಮೂರು ಹೋಳಿಗೆಗಳ ಮೇಲೆ ಎಲೆಯನ್ನು ಮಡಚಿ ಎದ್ದರು.

ಹೊರಗೆ ಅವರ ಗೆಳೆಯರ ಕಾರು ಬಂದು ನಿಂತಿತ್ತು. ಸೈಕಲ್ಲನ್ನು ಅದರ ಹಿಂದೆ ಕಟ್ಟಿ, ನನ್ನ ಕೈಯನ್ನು ಎರಡೂ ಕೈಗಳಿಂದ ಹಿಡಿದು ಬಹಳ ಹೊತ್ತು ಕೃತಜ್ಞತೆ ಹೇಳಿದರು. ನನ್ನ ಕಪ್ಪು ಸೈಕಲ್ಲನ್ನು ಒಮ್ಮೆ ಎತ್ತಲು ಹೋಗಿ, ಸೊಂಟ ಹಿಡಿದುಕೊಂಡು, ಇಷ್ಟು ಭಾರದ ವಾಹನದಲ್ಲಿ ಅಭ್ಯಾಸ ಮಾಡುವ ನಿಮ್ಮ ಶಿಸ್ತು ದೊಡ್ಡದೆಂದು ಮೆಚ್ಚಿದರು. ಆಮೇಲೆ ಸುತ್ತಲೂ ನೋಡಿ, “ಅಂದಹಾಗೆ ನಿಮ್ಮ ಕಾರು ಎಲ್ಲಿದೆ ಸಾರ್? ಅಲ್ಲಿಯವರೆಗೆ ಬಿಟ್ಟುಹೋಗ್ತೀವಿ” ಎಂದರು.

ಅಷ್ಟರಲ್ಲಿ ಜೇಬಿನಲ್ಲಿ ಫೋನು ಸದ್ದು ಮಾಡಿತು. ನಾನು ಅದನ್ನು ತೆಗೆದು ನೋಡಿ, “ಈಗಷ್ಟೇ ಬಾಗೇಪಲ್ಲಿ ಟೋಲ್ ದಾಟಿದೆ” ಎಂದೆ.