ಪ್ರಸ್ತಾರ ಹಾಕೋ ಮಕ್ಕಳಿಗೆ ಸ್ಪೆಲ್ಲಿಂಗ್ ಯಾಕೆ ಕಷ್ಟ?

ಸಂಜೆ ಹೊತ್ತು ಮಂಡ್ಯದ ಯಾವ ಬೀದಿಗೆ ಹೋದರೂ ಒಂದಲ್ಲ ಒಂದು ಮನೆಯಿಂದ "ಡಿ ಐ ಎನ್ ಎನ್ ಇ ಆರ್, ಡಿನ್ನರ್" ಅಂತ ಉರು ಹೊಡೆಯೋದು ಕೇಳಿಸುತ್ತೆ. ಕನ್ನಡ ಮೀಡಿಯಂ ಮಕ್ಕಳಿಗೆ ಇಂಗ್ಲಿಷ್ ಕಲಿಸೋ ದಾರಿ ಇದಲ್ಲ. ಪದವನ್ನು ಸಿಲಬಲ್ ಸಿಲಬಲ್ಲಾಗಿ, ಅಂದರೆ ಒಂದೇ ಸಲಕ್ಕೆ ಬಾಯಿಂದ ಬರೋ ತುಂಡುಗಳಾಗಿ, ಬಿಡಿಸೋದನ್ನ ಮೊದಲು ಕಲಿಸಬೇಕು. ಅದಕ್ಕೆ ಬೇಕಾದ ಕಿವಿ ನಮ್ಮ ಮಕ್ಕಳಿಗೆ ಕನ್ನಡ ಪಿರಿಯಡ್ಡಿನಲ್ಲೇ ತಯಾರಾಗಿರುತ್ತೆ: ಪದ್ಯದ ಅಕ್ಷರಗಳಿಗೆ, ಒಂದು ಮಾತ್ರೆಯದಕ್ಕೆ ಲಘು, ಎರಡು ಮಾತ್ರೆಯದಕ್ಕೆ ಗುರು ಅಂತ ಗುರುತು ಹಾಕೋ ಪ್ರಸ್ತಾರದಿಂದ.

ಪಕ್ಕದ ಮನೆಯ ಒಂಬತ್ತನೇ ಕ್ಲಾಸಿನ ಹುಡುಗಿ ಮೊನ್ನೆ ನೋಟ್‌ಬುಕ್ ಹಿಡಿದು ಬಂದು, "ಆಂಟಿ, ಡಿನ್ನರಿಗೆ ಒಂದು ಎನ್ನೋ ಎರಡೋ?" ಅಂದಳು. 'ಬೆಲೆ', 'ಬೆಲ್ಲ' ಎರಡಕ್ಕೂ ಪ್ರಸ್ತಾರ ಹಾಕಮ್ಮ ಅಂದೆ. ಬೆಲೆಗೆ ಎರಡು ಲಘು ಹಾಕಿದಳು, ಬೆಲ್ಲಕ್ಕೆ ಗುರು, ಲಘು. ಎರಡರಲ್ಲೂ 'ಬೆ' ಒಂದೇ ಅಲ್ವಾ, ಇಲ್ಲಿ ಯಾಕೆ ಗುರು?

"ಮುಂದೆ ಒತ್ತಕ್ಷರ ಇದೆಯಲ್ಲ ಆಂಟಿ."

ಅಷ್ಟೇ ವಿಷಯ! ಬರೆಯೋದು ಬೆ-ಲ್ಲ, ಕಿವಿಗೆ ಬೀಳೋದು ಬೆಲ್-ಲ. ವ್ಯಂಜನ ಬಂದು ಹಿಂದಿನ ಸಿಲಬಲ್ಲಿನ ಬಾಗಿಲು ಮುಚ್ಚುತ್ತೆ. ಇಂಗ್ಲಿಷಿನಲ್ಲಿ ಕ್ಲೋಸ್ಡ್ ಸಿಲಬಲ್ ಅನ್ನೋದು ಇದನ್ನೇ. ಮುಚ್ಚಿದ್ದರೆ ಸ್ವರ ಸಾಮಾನ್ಯವಾಗಿ ಗಿಡ್ಡ: ಡಿನ್-ನರ್, ಎರಡು ಎನ್. ತೆರೆದಿದ್ದರೆ ಉದ್ದ: ಡೈ-ನರ್, ಅಂದರೆ ಊಟಕ್ಕೆ ಕೂತವರು, ಒಂದೇ ಎನ್. ಕುಪ್ಪಳಿಸೋ ಹಾಪಿಂಗಿಗೆ ಎರಡು ಪಿ, ಆಸೆಯ ಹೋಪಿಂಗಿಗೆ ಒಂದು. ರ‍್ಯಾಬಿಟ್, ಟೈಗರ್ ಎರಡನ್ನೂ ಆಮೇಲೆ ಅವಳೇ ಬಿಡಿಸಿ ಸರಿಯಾಗಿ ಬರೆದಳು.

ಆದರೆ ಉಚ್ಚಾರಣೆಯಲ್ಲಿ ಹುಷಾರಾಗಿರಬೇಕು. ಇಂಗ್ಲಿಷಿನ ಈ ಜೋಡಿ ಅಕ್ಷರ ಬರವಣಿಗೆಗೆ ಮಾತ್ರ. ಬೆಲ್ಲದ ಥರ ಒತ್ತಿ ಹೇಳಬಾರದು, ಬಾಯಲ್ಲಿ 'ಡಿನರ್' ಅಂತ ಒಂದೇ ನಕಾರ. ಲೆಮನ್, ಕ್ಯಾಬಿನ್ ಥರ ಒಂದೇ ವ್ಯಂಜನ ಇದ್ದೂ ಸ್ವರ ಗಿಡ್ಡವಾಗಿರೋ ಪದಗಳೂ ಬೇಕಾದಷ್ಟಿವೆ. ಅವನ್ನು ಬಾಯಿಪಾಠ ಮಾಡಲೇಬೇಕು.

ಎಲ್ಲಿ ಒಡೀಬೇಕು ಅನ್ನೋ ಚರ್ಚೆ ಇಂಗ್ಲಿಷಿನವರಲ್ಲೂ ಹಳೆಯದೇ. ಹ್ಯಾಬಿಟ್ ಪದವನ್ನು ಹಿಂದಿನ ಪಠ್ಯಗಳು 'ಬಿ'ಗೆ ಮೊದಲೇ ಒಡೆಯುತ್ತಿದ್ದವು. ಅಮೆರಿಕದ ನೋವಾ ವೆಬ್‌ಸ್ಟರ್ 1783ರಲ್ಲಿ ತಂದ ಸ್ಪೆಲ್ಲಿಂಗ್ ಪುಸ್ತಕದಲ್ಲಿ, ಬಾಯಿ ಹೇಳಿದ ಹಾಗೆ ಹ್ಯಾಬ್-ಇಟ್ ಅಂತ ಒಡೆದರು. ನನ್ನ ಮತ ವೆಬ್‌ಸ್ಟರಿಗೇ.

ಪ್ರಸ್ತಾರ ಕೈಕೊಡೋದು ಸ್ಟ್ರೆಸ್ ವಿಷಯದಲ್ಲಿ. ಫೋಟೋಗ್ರಾಫ್ ಅನ್ನುವಾಗ ಒತ್ತು ಮೊದಲನೇ ಸಿಲಬಲ್ ಮೇಲೆ, ಫೊಟಾಗ್ರಫಿಯಲ್ಲಿ ಎರಡನೇದರ ಮೇಲೆ, ಫೋಟೋಗ್ರಾಫಿಕ್‌ನಲ್ಲಿ ಮೂರನೇದರ ಮೇಲೆ. ಲಘು-ಗುರು ಲೆಕ್ಕಕ್ಕೆ ಇದು ಸಿಗಲ್ಲ, ಕೇಳಿ ಕೇಳಿಯೇ ಬರಬೇಕು. ವೆನ್ಸ್‌ಡೇ ಥರದ ಪದಕ್ಕೆ ಬರೆಯುವಾಗ ಮನಸ್ಸಲ್ಲೇ ವೆಡ್-ನೆಸ್-ಡೇ ಅಂದುಕೊಳ್ಳಲಿ, ಮಾತಾಡುವಾಗ ವೆನ್ಸ್‌ಡೇ ಅನ್ನಲಿ.

ಹೈಸ್ಕೂಲಿನ ಕನ್ನಡ ಮೇಷ್ಟ್ರು, ಇಂಗ್ಲಿಷ್ ಮೇಡಮ್ಮು ಇಬ್ಬರೂ ಕೂರೋದು ಒಂದೇ ಸ್ಟಾಫ್ ರೂಮಿನಲ್ಲಿ ತಾನೇ? ಛಂದಸ್ಸಿನ ಪಾಠ ನಡೆಯೋ ವಾರ ಇಬ್ಬರೂ ಮಾತಾಡಿಕೊಂಡು, ಅದೇ ಬೋರ್ಡಿನ ಮೇಲೆ ಬೆಲ್ಲದ ಪಕ್ಕ ಡಿನ್ನರನ್ನೂ ಬಿಡಿಸಿ ತೋರಿಸಲಿ.